ಕ್ಲಿಫ್ ಬರ್ಟನ್: ಬೇಸ್ ಕಲಿಯುವವರಿಗೆ ಕೇಳುವ ಟಿಪ್ಪಣಿ

ಬೇಸ್ ಗಿಟಾರ್ ಹಿಡಿದ ಮೊದಲ ವಾರ ಎಲ್ಲರಿಗೂ ಹೇಳಿಕೊಡೋದು ಒಂದೇ: ಡ್ರಮ್ಮಿನ ಜೊತೆ ಹೋಗು, ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಮೂಲಸ್ವರ ಬಿಡಬೇಡ. ಮದುವೆಮನೆಯ ಅಡುಗೆಯವರ ಥರದ ಕೆಲಸ ಇದು. ಇದ್ದಾಗ ಯಾರೂ ತಿರುಗಿ ನೋಡಲ್ಲ, ಇಲ್ಲದಿದ್ದರೆ ಮನೆ ಮಂದಿಗೆಲ್ಲ ಗೊತ್ತಾಗುತ್ತೆ. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಕ್ಲಿಫ್ ಬರ್ಟನ್ ಆ ಅಡುಗೆಯನ್ನೂ ಮಾಡಿದ, ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಮುಂದೆಯೂ ಕೂತ.

ಹುಟ್ಟಿದ್ದು 1962ರ ಫೆಬ್ರವರಿ 10, ಕ್ಯಾಲಿಫೋರ್ನಿಯಾದಲ್ಲಿ. ಮೊದಲು ಪಿಯಾನೋ ಪಾಠ. 1975ರಲ್ಲಿ ಅಣ್ಣ ಸ್ಕಾಟ್ ತೀರಿಕೊಂಡ ಮೇಲೆ ಬೇಸ್ ಹುಚ್ಚು ಹತ್ತಿತು. 1982ರಲ್ಲಿ ಲಾಸ್ ಏಂಜಲೀಸಿನ ಒಂದು ಕ್ಲಬ್ಬಿನಲ್ಲಿ ಟ್ರಾಮಾ ಎಂಬ ಬ್ಯಾಂಡಿನ ಜೊತೆ ಅವನು ನುಡಿಸುತ್ತಿದ್ದಾಗ ಮೆಟಾಲಿಕಾದ ಹಾಡುಗಾರ-ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್, ಡ್ರಮ್ಮರ್ ಲಾರ್ಸ್ ಉಲ್ರಿಚ್ ಕೇಳಿದರು. ಸೋಲೋ ಕೇಳಿ ಗಿಟಾರ್ ನುಡಿಸುವವನನ್ನು ಹುಡುಕಿದರೆ, ಅದು ಬೇಸ್! ಕರೆದರೆ ಲಾಸ್ ಏಂಜಲೀಸಿಗೆ ಬರಲ್ಲ ಅಂದ. ಬ್ಯಾಂಡೇ ಗಂಟುಮೂಟೆ ಕಟ್ಟಿಕೊಂಡು ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಹೋಯಿತು.

ಈಗ ಹೆಡ್‌ಫೋನ್ ಹಾಕಿಕೊಳ್ಳಿ. 1984ರ 'ಫಾರ್ ಹೂಮ್ ದ ಬೆಲ್ ಟೋಲ್ಸ್'. ಗಂಟೆ ಬಾರಿಸಿದ ಮೇಲೆ ಕೀರಲು ದನಿಯಲ್ಲಿ ಜಾರುತ್ತಾ ಬರುವ ಆ ತುಣುಕನ್ನು ನಾನು ವರ್ಷಗಟ್ಟಲೆ ಗಿಟಾರ್ ಅಂದುಕೊಂಡಿದ್ದೆ. ಬೇಸಿನ ಕುತ್ತಿಗೆಯ ಮೇಲ್ತುದಿಯ ಸ್ವರಗಳು, ಮೇಲೆ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್, ಕಾಲಡಿ ದನಿಯನ್ನು 'ವಾ' ಅಂತ ಬಾಗಿಸುವ ವಾ ಪೆಡಲ್. ಇಳಿಕೆ ಕ್ರೊಮ್ಯಾಟಿಕ್. ಕರ್ನಾಟಕ ಸಂಗೀತದ ಕಿವಿ ಇದ್ದವರಿಗೆ ಹೀಗೆ ಹೇಳಬಹುದು: ತಾರಷಡ್ಜದಿಂದ ಕಾಕಲಿ ನಿಷಾದ, ಕೈಶಿಕಿ ನಿಷಾದ, ಚತುಶ್ರುತಿ ಧೈವತ ಅಂತ ಒಂದು ಸ್ವರಸ್ಥಾನವನ್ನೂ ಹಾರದೆ ಮೆಟ್ಟಿಲಿಳಿದರೆ ಅದು ಕ್ರೊಮ್ಯಾಟಿಕ್. ಯಾವ ರಾಗದ ಮನೆಗೂ ಸೇರದ ಇಳಿಕೆ. ಎದೆ ಝಲ್ಲೆನ್ನುವುದು ಅದಕ್ಕೇ.

ಅವನಿಂದ ಬ್ಯಾಂಡಿಗೆ ಸಿಕ್ಕ ದೊಡ್ಡ ಆಸ್ತಿ ಹಾರ್ಮನಿ. ನಮ್ಮ ಸಂಗೀತದಲ್ಲಿ ಇಬ್ಬರು ಹಾಡಿದರೆ ಒಂದೇ ಸ್ವರ. ಹಾರ್ಮನಿಯಲ್ಲಿ ಒಬ್ಬ ಸ ಹಿಡಿದರೆ ಇನ್ನೊಬ್ಬ ಗ ಹಿಡಿದು, ಎರಡೂ ಜೊತೆಜೊತೆಗೇ ನಡೆಯುತ್ತವೆ. ಹೆಟ್‌ಫೀಲ್ಡ್‌ಗೆ ಇದರ ಶಾಸ್ತ್ರ ತಿಳಿಸಿದವನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರಚನಕಾರ ಬಾಖ್‌ನನ್ನು ಮೆಚ್ಚುತ್ತಿದ್ದ ಈ ಕ್ಲಿಫ್. 1986ರ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮ್ಮಿನ 'ಓರಿಯನ್' ಕೇಳಿ: ಎಂಟು ನಿಮಿಷ ದಾಟುತ್ತೆ, ಹಾಡಿನ ಮಾತಿಲ್ಲ. ಶುರುವಿನಲ್ಲಿ ಮೆಲ್ಲಗೆ ಏಳುವ ಪದರಗಳು ಬೇಸಿನವು. ಸುಮಾರು ನಾಲ್ಕು ನಿಮಿಷಕ್ಕೆ ಎಲ್ಲರೂ ಸುಮ್ಮನಾಗಿ ಬೇಸ್ ಒಂದೇ ನಿಧಾನಕ್ಕೆ ನಡೆಯುತ್ತೆ, ಆಮೇಲೆ ಗಿಟಾರ್‌ಗಳು ಒಂದೊಂದಾಗಿ ಕೂಡಿಕೊಳ್ಳುತ್ತವೆ. ನುಡಿಸೋಕೆ ಕೂತರೆ ಈ ಭಾಗದಿಂದ ಶುರು ಮಾಡಿ, ಪಿಕ್ (ತಂತಿ ಮೀಟುವ ಬಿಲ್ಲೆ) ಬಿಟ್ಟು ಬೆರಳಲ್ಲಿ. ಕ್ಲಿಫ್ ನುಡಿಸಿದ್ದೂ ಬೆರಳಲ್ಲೇ. ಬೊಬ್ಬೆ ಬರುತ್ತೆ, ಬರಲಿ.

ಅದೇ ವರ್ಷ ಸೆಪ್ಟೆಂಬರ್ 26ರಂದು ಸ್ಟಾಕ್‌ಹೋಮಿನಲ್ಲಿ ಕಚೇರಿ. ರಾತ್ರಿ ಬಸ್ಸಿನಲ್ಲಿ ಮಲಗುವ ಜಾಗಕ್ಕೆ ಎಲೆ ಎಳೆದರಂತೆ. ಇಸ್ಪೀಟ್ ಎಕ್ಕ ಬಂದ ಕ್ಲಿಫ್ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್‌ನ ಜಾಗ ಕೇಳಿ ಪಡೆದ. ಬೆಳಗಿನ ಜಾವ ಸ್ವೀಡನ್ನಿನ ಡೋರಾರ್ಪ್ ಹತ್ತಿರ ಬಸ್ ಮಗುಚಿತು. ವಯಸ್ಸು 24. ಅಂತ್ಯಸಂಸ್ಕಾರದಲ್ಲಿ ನುಡಿದದ್ದು 'ಓರಿಯನ್'. ವೇದಿಕೆಯ ಮೇಲೆ ಬ್ಯಾಂಡ್ ಅದನ್ನು ಪೂರ್ತಿಯಾಗಿ ನುಡಿಸಿದ್ದು 2006ರಲ್ಲಿ, ಇಪ್ಪತ್ತು ವರ್ಷ ಕಳೆದು.

1988ರ '...ಆಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್ ಇನ್ನೊಂದು ಥರದ ಪಾಠ. ಹೊಸಬ ಜೇಸನ್ ನ್ಯೂಸ್ಟೆಡ್ ಪಿಕ್ ಹಿಡಿದು ಗಿಟಾರಿನ ಬೆನ್ನಿಗೇ ನುಡಿಸಿದ್ದ, ಮಿಕ್ಸಿಂಗ್‌ನಲ್ಲಿ ಅವನ ದನಿಯನ್ನು ಕೇಳಿಸದಷ್ಟು ತಗ್ಗಿಸಿದರು. ರಚನೆಗಳು ಜಟಿಲ, ಹಾರ್ಮನಿ ಸಮೃದ್ಧ, ತಳ ಮಾತ್ರ ಟೊಳ್ಳು. ಅಡುಗೆಯವರಿಲ್ಲದ ಮದುವೆ. ಅದರಲ್ಲಿನ 'ಟು ಲಿವ್ ಈಸ್ ಟು ಡೈ'ಗೆ ರಚನಕಾರರ ಸಾಲಿನಲ್ಲಿ ಕ್ಲಿಫ್ ಹೆಸರಿದೆ, ಅವನು ಬಿಟ್ಟುಹೋದ ತುಣುಕುಗಳಿಂದ ಕಟ್ಟಿದ್ದು.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ ಬೇಸ್ ರಾಬರ್ಟ್ ಟ್ರುಹಿಯೊ ಕೈಯಲ್ಲಿತ್ತು. ಅವನೂ ಬೆರಳಲ್ಲೇ ನುಡಿಸುವವನು.

ಕೊನೆಗೆ ಒಂದು ಮನೆಗೆಲಸ. 1983ರ 'ಅನೆಸ್ತೇಷಿಯಾ', ಕ್ಲಿಫ್‌ನ ಬೇಸ್ ಸೋಲೋ. ಆಮೇಲೆ ಅದನ್ನೇ 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿಯ ಸ್ಕಾಟ್ ಪಿಂಗಲ್ ನಿಲುಬೇಸಿನಲ್ಲಿ ನುಡಿಸಿದ್ದು. ಎರಡನ್ನೂ ಒಂದರ ಹಿಂದೊಂದು ಕೇಳಿ, ಕಮಾನು ಹಿಡಿದಾಗ ಬಾಖ್ ಎಲ್ಲೆಲ್ಲಿ ತಲೆ ಹಾಕುತ್ತಾನೆ ಅಂತ ಗುರುತು ಹಾಕಿಕೊಳ್ಳಿ.