ಬೆಳ್ಳಿ ಗೂಡಿನ ಬಾಯಾರಿದ ಕಲ್ಲು

ಆಯುಧಪೂಜೆ ಹತ್ತಿರ ಬಂತೆಂದರೆ ಮೈಸೂರಿನ ಮನೆಗಳಲ್ಲಿ ಬೆಳ್ಳಿ ಸಾಮಾನೆಲ್ಲ ಹೊರಗೆ ಬರುತ್ತದೆ. ದೀಪದ ಕಂಬ, ಪಂಚಪಾತ್ರೆ, ಉದ್ಧರಣೆ, ಕುಂಕುಮದ ಬಟ್ಟಲು ಎಲ್ಲವೂ ಹುಣಸೆ ನೀರಿನಲ್ಲಿ ನೆನೆದು, ವಿಭೂತಿಯಲ್ಲಿ ಉಜ್ಜಿಸಿಕೊಂಡು ಹೊಳೆಯುತ್ತವೆ. ಬೈಲಕುಪ್ಪೆಯಿಂದ ತಂದ ನೀಲಿ ಕಲ್ಲಿನ ಬೆಳ್ಳಿ ಸರವೂ ಅದೇ ಬೋಗುಣಿಗೆ ಬಿದ್ದರೆ ಕೆಲಸ ಕೆಟ್ಟಿತು. ಬೆಳ್ಳಿ ಬೆಳ್ಳಗಾಗುತ್ತದೆ, ಕಲ್ಲು ಮಾತ್ರ ಒಪ್ಪ ಕಳೆದುಕೊಂಡು, ಹುಣಸೆಯ ಕಂದು ನೀರು ಕುಡಿದು ಮಂಕಾಗುತ್ತದೆ. ಬೆಳ್ಳಿಗೆ ಹಿತವಾದದ್ದು ಈ ಕಲ್ಲಿಗೆ ಆಗಿಬರುವುದಿಲ್ಲ. ಈ ಸರವನ್ನು ಕಟ್ಟುವ, ಕೊಳ್ಳುವ, ಕಾಪಾಡುವ ವಿದ್ಯೆಯೆಲ್ಲ ಈ ಜಗಳವನ್ನು ಸಂಭಾಳಿಸುವುದರಲ್ಲೇ ಇದೆ.

ಮೊದಲು ಹೆಸರಿನ ಗೊಂದಲ. ಈ ನೀಲಿ ಕಲ್ಲು ಇಂಗ್ಲಿಷಿನಲ್ಲಿ ಟರ್ಕಾಯಿಸ್, ಅದಕ್ಕೆ ಕನ್ನಡದಲ್ಲಿ ಹಲವರು ವೈಡೂರ್ಯ ಎಂದು ಬರೆಯುತ್ತಾರೆ. ಆದರೆ ನವರತ್ನದ ವೈಡೂರ್ಯ ಬೆಕ್ಕಿನ ಕಣ್ಣಿನಂತೆ ಒಂದು ಬೆಳಕಿನ ಗೆರೆ ಓಡುವ ಬೇರೆಯೇ ಕಲ್ಲು. ನಮ್ಮ ನೀಲಿ ಕಲ್ಲು ನವರತ್ನದಲ್ಲಿ ಇಲ್ಲವೇ ಇಲ್ಲ. ಹರಳಿನ ಅಂಗಡಿಯವರು ಇದನ್ನು ಕರೆಯುವುದು ಫಿರೋಜಾ ಎಂದು. ಗೆಲುವು ಎಂಬ ಅರ್ಥದ ಪಾರಸಿ ಮಾತಿನಿಂದ ಬಂದ ಹೆಸರು ಅದು. ಇಲ್ಲಿ ಅದನ್ನೇ ಬಳಸೋಣ.

ಫಿರೋಜಾ ಎಂದರೆ ತಾಮ್ರ, ಅಲ್ಯೂಮಿನಿಯಂ, ಫಾಸ್ಫೇಟ್ ಮತ್ತು ನೀರು ಸೇರಿ ಆದ ಖನಿಜ. ಅದರಲ್ಲಿ ನೀರಿನ ಪಾಲು ಚಿಕ್ಕದಲ್ಲ: ಸೂತ್ರದ ಲೆಕ್ಕ ಹಾಕಿದರೆ 100 ಗ್ರಾಂ ಕಲ್ಲಿನಲ್ಲಿ ಸುಮಾರು 18 ಗ್ರಾಂ ನೀರಿನ ರೂಪದಲ್ಲಿ ಹೊರಬರಬಲ್ಲದ್ದು. ನೀಲಿ ಬಣ್ಣ ತಾಮ್ರದ್ದು. ಆದರೆ ತಾಮ್ರದ ಸುತ್ತ ನೀರು ತನ್ನ ಜಾಗದಲ್ಲಿ ಇದ್ದರೆ ಮಾತ್ರ ಆ ಬಣ್ಣ ನಿಲ್ಲುತ್ತದೆ. ಇದನ್ನು ತಿಳಿಯಲು ತೋಟದವರ ಮೈಲುತುತ್ತವನ್ನೇ ನೆನೆದರೆ ಸಾಕು. ಬೋರ್ಡೋ ದ್ರಾವಣಕ್ಕೆ ಹಾಕುವ ಆ ನೀಲಿ ಹರಳನ್ನು ಬಾಣಲೆಯಲ್ಲಿ ಕಾಯಿಸಿದರೆ ನೀರು ಹಾರಿ ಬೂದಿಯಂಥ ಬಿಳಿ ಪುಡಿಯಾಗುತ್ತದೆ. ತಾಮ್ರ ಎಲ್ಲಿಗೂ ಹೋಗಿರುವುದಿಲ್ಲ, ಹೋದದ್ದು ನೀರು. ಮೈಲುತುತ್ತಕ್ಕೆ ನೀರು ಹನಿಸಿದರೆ ನೀಲಿ ಮರಳುತ್ತದೆ. ಫಿರೋಜಾಕ್ಕೆ ಆ ಭಾಗ್ಯವಿಲ್ಲ. ಒಮ್ಮೆ ಸುಟ್ಟು ಕಂದಿದ ಕಲ್ಲು ಕಂದಿದ್ದೇ. ಅಲ್ಯೂಮಿನಿಯಂನ ಜಾಗದಲ್ಲಿ ಕಬ್ಬಿಣ ಸೇರಿಕೊಂಡಷ್ಟೂ ಕಲ್ಲು ಹುಟ್ಟಿನಿಂದಲೇ ಹಸಿರಿಗೆ ವಾಲುತ್ತದೆ. ಹಾಗಾಗಿ ಹಸಿರು ಕಲ್ಲೆಲ್ಲ ಕೆಟ್ಟ ಕಲ್ಲಲ್ಲ.

ಇನ್ನೊಂದು ಮೋಜಿನ ಲೆಕ್ಕವಿದೆ. ಒಡವೆಯ 925 ಬೆಳ್ಳಿಯಲ್ಲಿ ಗಟ್ಟಿತನಕ್ಕೆಂದು ಬೆರೆಸುವುದು 100ಕ್ಕೆ 7.5 ಪಾಲು, ಸಾಮಾನ್ಯವಾಗಿ ತಾಮ್ರ. ಫಿರೋಜಾದಲ್ಲಿ ತಾಮ್ರದ ತೂಕ 100ಕ್ಕೆ 7.8ರಷ್ಟು. ಒಡವೆಯ ಬೆಳ್ಳಿಯಲ್ಲೂ ಕಲ್ಲಿನಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಯ ತಾಮ್ರ! ಕಾಕತಾಳೀಯವೇ ಹೌದು, ಆದರೂ ಹೇಳದೆ ಬಿಡಲಾಗದು.

ಈ ಕಲ್ಲು ಆಳದ ಬೆಂಕಿಯಲ್ಲಿ ಹುಟ್ಟುವುದಿಲ್ಲ. ಒಣ ಸೀಮೆಗಳಲ್ಲಿ ಅಪರೂಪಕ್ಕೆ ಬೀಳುವ ಮಳೆ ತಾಮ್ರದ ಅದಿರಿನ ಮೂಲಕ ಇಳಿದು, ಸುತ್ತಲ ಬಂಡೆಯ ಅಲ್ಯೂಮಿನಿಯಂ ಮತ್ತು ರಂಜಕವನ್ನು ಕರಗಿಸಿಕೊಂಡು, ಬಿರುಕುಗಳಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. ಕಲ್ಲಿನ ಮೇಲೆ ಕಾಣುವ ಕಂದು, ಕಪ್ಪು ಜೇಡರಬಲೆ ಆ ತಾಯಿಬಂಡೆಯ ಉಳಿಕೆ. ಹೀಗೆ ಕೂಡಿಕೊಂಡದ್ದರಿಂದ ಕಲ್ಲಿನೊಳಗೆ ಕಣ್ಣಿಗೆ ಕಾಣದ ಸಂದುಗಳು ಉಳಿಯುತ್ತವೆ. ಕಲ್ಲು ಎಣ್ಣೆ, ಬೆವರು, ಅರಿಶಿನ ಎಲ್ಲವನ್ನೂ ಹೀರುವುದು ಅವುಗಳಿಂದಲೇ.

ಸಿನಾಯ್ ಮರುಭೂಮಿಯಲ್ಲಿ ಈಜಿಪ್ಟಿನವರು ಇದನ್ನು ಅಗೆದರು. ಅಲ್ಲಿನ ಸೆರಾಬಿತ್ ಎಲ್-ಖಾದಿಮ್ ಗಣಿಯ ಬಳಿಯ ಗುಡಿ ಹಾಥೋರ್ ದೇವಿಯದು, ಅವಳ ಬಿರುದೇ ‘ಫಿರೋಜಾದ ಒಡತಿ’. ಅಬಿಡೋಸ್‌ನಲ್ಲಿ ದೊರೆ ಜೆರ್‌ನ ಸಮಾಧಿಯಿಂದ 1901ರಲ್ಲಿ ಸಿಕ್ಕ ಕಡಗಗಳಿಗೆ ಸುಮಾರು 5000 ವರ್ಷ. ಅವುಗಳಲ್ಲಿ ಫಿರೋಜಾದ ಜೊತೆಗಿರುವುದು ಚಿನ್ನ, ಬೆಳ್ಳಿಯಲ್ಲ. ಆ ಕಾಲದ ಈಜಿಪ್ಟಿನಲ್ಲಿ ಬೆಳ್ಳಿಯೇ ಚಿನ್ನಕ್ಕಿಂತ ಅಪರೂಪ. ಇರಾನಿನ ನಿಶಾಪುರದ ಗಣಿಗಳೂ ಬಲು ಹಳೆಯವು. ಮೊಗಲರ ಒಡವೆಗಳಿಗೆ ಬಂದ ಫಿರೋಜಾ ಆ ಕಡೆಯದು.

ಬೆಳ್ಳಿ-ಫಿರೋಜಾ ಜೋಡಿ ಬೇರೂರಿದ್ದು ಅರಮನೆಗಳಿಗಿಂತ ಹೆಚ್ಚಾಗಿ ದನ-ಕುರಿ ಮೇಯಿಸಿಕೊಂಡು ಅಲೆಯುವ ಜನರಲ್ಲಿ. ಅವರಿಗೆ ಮೈಮೇಲಿನ ಒಡವೆಯೇ ಬ್ಯಾಂಕು. ಟಿಬೆಟ್ಟಿನವರು ಫಿರೋಜಾವನ್ನು ‘ಯು’ ಎನ್ನುತ್ತಾರೆ. ಮನುಷ್ಯನ ಚೈತನ್ಯ ನೆಲೆಸುವ ಕಲ್ಲು ಎಂದು ಕೊರಳಿಗೆ ಕಟ್ಟುವ ‘ಲಾ-ಯು’ ಎಂಬ ಪದ್ಧತಿಯೂ ಅವರಲ್ಲಿದೆ. 1961ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನಿರಾಶ್ರಿತರ ನೆಲೆ ಶುರುವಾದಾಗ ಈ ಕಲ್ಲೂ ಅವರ ಜೊತೆ ಬಂತು. ನಾಮ್ಡ್ರೋಲಿಂಗ್ ಮಠದ ಸುತ್ತಲ ಅಂಗಡಿಗಳಲ್ಲಿ ಹವಳ, ಫಿರೋಜಾ ಪೋಣಿಸಿದ ಸರಗಳ ನಡುವೆ ‘ಗಾಊ’ ಎಂಬ ಬೆಳ್ಳಿ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಒಳಗೆ ಮಂತ್ರದ ಚೀಟಿಯೋ ದೇವರ ಚಿಕ್ಕ ಮೂರ್ತಿಯೋ ಇರುವ ಕೊರಳ ಪೆಟ್ಟಿಗೆ ಅದು. ಲಿಂಗಾಯತರ ಬೆಳ್ಳಿ ಕರಡಿಗೆಯನ್ನು ನೋಡಿ ಬೆಳೆದ ಸುತ್ತೂರು ಸೀಮೆಯ ಕಣ್ಣಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಕಾರ ಬೇರೆ, ಎದೆಯ ಮೇಲೆ ಬೆಳ್ಳಿಯೊಳಗೆ ದೇವರನ್ನು ಹೊರುವ ಭಾವ ಅದೇ.

ಜಗತ್ತಿಗೆ ಹೆಚ್ಚು ಪರಿಚಿತವಾದದ್ದು ಅಮೆರಿಕದ ನೈಋತ್ಯದ ನವಾಹೋ ಜನರ ಸರ. ಅಲ್ಲಿನ ಚಾಕೋ ಕಣಿವೆಯಲ್ಲಿ ಸಾವಿರ ವರ್ಷದ ಹಿಂದೆಯೇ ಫಿರೋಜಾ ಮಣಿಗಳು ಸಾವಿರಗಟ್ಟಲೆ ಇದ್ದವು, ಬೆಳ್ಳಿ ಇರಲಿಲ್ಲ. ನವಾಹೋಗಳು ಬೆಳ್ಳಿ ಕೆಲಸ ಕಲಿತದ್ದು 19ನೇ ಶತಮಾನದ ನಡುವೆ, ಮೆಕ್ಸಿಕೋದ ಕುಶಲಿಗಳಿಂದ. 1868ರಲ್ಲಿ ಅಮೆರಿಕದ ಸೇನೆಯ ಸೆರೆ ಮುಗಿಸಿ ಸ್ವಂತ ನೆಲಕ್ಕೆ ಮರಳಿದ ಮೇಲೆ ಕಸುಬು ಹಬ್ಬಿತು, 1880ರ ಹೊತ್ತಿಗೆ ಬೆಳ್ಳಿಯಲ್ಲಿ ಫಿರೋಜಾ ಕೂರಿಸತೊಡಗಿದರು. ಲೋಹ ಸಿಕ್ಕಿದ್ದು ನಾಣ್ಯಗಳಿಂದ. ನಮ್ಮಲ್ಲೂ 11.66 ಗ್ರಾಂ ತೂಗುವ ಹಳೆಯ ಬೆಳ್ಳಿ ರೂಪಾಯಿಗಳು ಅಕ್ಕಸಾಲಿಗರ ಮೂಸೆಯಲ್ಲಿ ಕರಗಿ ಕಾಲ್ಗೆಜ್ಜೆಯಾದವು. ನವಾಹೋಗಳ ಹೆಸರಾಂತ ‘ಕುಂಬಳ ಹೂವಿನ ಸರ’ಕ್ಕೂ ಕುಂಬಳಕ್ಕೂ ನಂಟಿಲ್ಲ, ಅದರಲ್ಲಿರುವ ಮೊಗ್ಗು ಸ್ಪೇನಿನವರ ಉಡುಪಿನ ದಾಳಿಂಬೆ ಗುಂಡಿ. ನಡುವೆ ತೂಗುವ ‘ನಾಜಾ’ ಎಂಬ ಅರ್ಧಚಂದ್ರ ಕುದುರೆಯ ಕಡಿವಾಣದ ಒಡವೆಯಾಗಿತ್ತು, ಅರಬರಿಂದ ಸ್ಪೇನಿಗೆ, ಅಲ್ಲಿಂದ ಮೆಕ್ಸಿಕೋಗೆ ಬಂದದ್ದು. ಕಷ್ಟಕಾಲಕ್ಕೆ ಈ ಸರಗಳು ವ್ಯಾಪಾರಿಯ ಬಳಿ ಗಿರವಿಗೆ ಹೋಗುತ್ತಿದ್ದವು. ಈ ಮಾತು ಮಂಡ್ಯದ ರೈತರ ಮನೆಯಲ್ಲಿ ಯಾರಿಗೂ ಹೊಸದಲ್ಲ.

ನಮ್ಮ ಕಡೆ ಕೊರಳಿಗೆ ಚಿನ್ನ, ಕಾಲಿಗೆ ಬೆಳ್ಳಿ ಎಂಬುದು ರೂಢಿ. ಹಾಗಿದ್ದೂ ಈ ಕಲ್ಲಿಗೆ ಬೆಳ್ಳಿಯೇ ಒಪ್ಪುತ್ತದೆ. ಬೆಳ್ಳಿ ಬೆಳಕಿನ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಹಿಂದಿರುಗಿಸುವುದರಿಂದ ಕಲ್ಲಿನ ನೀಲಿ ತನ್ನಷ್ಟಕ್ಕೆ ನಿಲ್ಲುತ್ತದೆ. ಹಳದಿ ಚಿನ್ನದ ಪಕ್ಕದಲ್ಲಿ ಅದೇ ಕಲ್ಲು ಸ್ವಲ್ಪ ಅಬ್ಬರಿಸುತ್ತದೆ. ರುಚಿಯ ಮಾತು ಒತ್ತಟ್ಟಿಗಿರಲಿ, ಕಸುಬಿನ ಕಾರಣವೂ ಇದೆ. 1ರಿಂದ 10ರ ಅಳತೆಯಲ್ಲಿ ಫಿರೋಜಾದ ಗಡಸು 5ರಿಂದ 6, ವಜ್ರದ 10ರ ಪಕ್ಕದಲ್ಲಿ ಮೆದು. ಮೇಲಿಂದ ಹಿಡಿಯುವ ಕೊಕ್ಕೆಗಳ ಒತ್ತಡಕ್ಕೆ ಸಿಡಿಯುತ್ತದೆ. ಅದಕ್ಕೆ ಸುತ್ತಲೂ ತಬ್ಬಿ ಹಿಡಿಯುವ ಗೂಡು ಬೇಕು. ಬೆರಳ ಒತ್ತಡಕ್ಕೇ ಬಾಗುವ ಅಪ್ಪಟ ಬೆಳ್ಳಿಯ ಪಟ್ಟಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

10 ಮಿಲಿಮೀಟರ್ ಅಡ್ಡಳತೆಯ ದುಂಡು ಕಲ್ಲಿಗೆ ಗೂಡು ಕಟ್ಟುವುದನ್ನು ನೋಡಿ. ಪಟ್ಟಿ 0.3 ಮಿ.ಮೀ. ದಪ್ಪ. ಉದ್ದವನ್ನು ಕಲ್ಲಿನ ಸುತ್ತಳತೆಗೆ ಮಾತ್ರ ಲೆಕ್ಕ ಹಾಕಿದರೆ 31.4 ಬರುತ್ತದೆ, ಪಟ್ಟಿಯ ದಪ್ಪವನ್ನೂ ಸೇರಿಸಿ 32.4 ಮಿ.ಮೀ. ಕತ್ತರಿಸಬೇಕು. ಕಡಿಮೆಯಾದರೆ ಕಲ್ಲು ಇಳಿಯುವುದಿಲ್ಲ, ಹೆಚ್ಚಾದರೆ ಮಡಿಸುವಾಗ ಅಂಚು ಸುಕ್ಕಾಗುತ್ತದೆ. ಎತ್ತರ ಕಲ್ಲಿನ ಬದಿ ಒಳಕ್ಕೆ ಬಾಗಲು ಶುರುವಾಗುವ ಜಾಗಕ್ಕಿಂತ ಕೂದಲೆಳೆಯಷ್ಟು ಮೇಲೆ ಇರಬೇಕು. ತುದಿಗಳನ್ನು ಅರದಿಂದ ಉಜ್ಜಿ ಕೂಡಿಸಿ, ಬಿಳಿಗಾರ ಸವರಿ, ಹೆಚ್ಚು ಕಾವಿಗೆ ಕರಗುವ ಬೆಸುಗೆಯಿಂದ ಮೊದಲು ಉಂಗುರ ಮಾಡುತ್ತಾರೆ. ಆಮೇಲೆ ಕಡಿಮೆ ಕಾವಿನ ಬೆಸುಗೆಯಿಂದ ಅದನ್ನು ತಗಡಿನ ಮೇಲೆ ಕೂರಿಸುತ್ತಾರೆ. ಈ ಕ್ರಮ ತಿರುವುಮುರುವಾದರೆ ಎರಡನೇ ಬೆಸುಗೆ ಹಾಕುವಾಗ ಮೊದಲನೆಯದು ಬಿಟ್ಟುಕೊಳ್ಳುತ್ತದೆ. ಬೆಳ್ಳಿಯ ಬೆಸುಗೆಗಳು ಕರಗುವುದು 700 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ಫಿರೋಜಾ ಅದಕ್ಕೆ ಬಹಳ ಮೊದಲೇ ನೀರು ಬಿಟ್ಟು ಕಂದುತ್ತದೆ. ಆದ್ದರಿಂದ ಬೆಂಕಿ, ಆಮ್ಲದಲ್ಲಿ ತೊಳೆಯುವುದು, ಕೊಂಡಿ ಹಾಕುವುದು, ಒಪ್ಪ ಕೊಡುವುದು ಎಲ್ಲ ಮುಗಿದ ಮೇಲೆ ಕಲ್ಲು ಕಟ್ಟಕಡೆಯ ಅತಿಥಿ. ಅಂಚನ್ನು ಒಂದೇ ಕಡೆಯಿಂದ ಒತ್ತುತ್ತಾ ಹೋಗಬಾರದು. ಎದುರುಬದುರು ನಾಲ್ಕು ಕಡೆ ಒತ್ತಿ, ಆಮೇಲೆ ನಡುವಣ ಜಾಗಗಳನ್ನು ಬಗ್ಗಿಸಬೇಕು.

ಕಲ್ಲಿನ ತಳ ಸಮ ಇಲ್ಲದಿದ್ದರೆ ಒತ್ತುವಾಗಲೇ ಟಪ್ಪೆಂದು ಬಿರಿಯುತ್ತದೆ. ಅದಕ್ಕೆ ಹಳೆಯ ಕೆಲಸಗಾರರು ಕಲ್ಲಿನ ಕೆಳಗೆ ಮರದ ಹೊಟ್ಟು ಹಾಸುತ್ತಿದ್ದರು. ಜಾಣ ಉಪಾಯವೇ. ಆದರೆ ಅಂಥ ಸರವನ್ನು ನೀರಿನಲ್ಲಿ ನೆನೆಹಾಕಿದರೆ ಹೊಟ್ಟು ಉಬ್ಬಿ ಕಲ್ಲನ್ನೇ ಗೂಡಿನಿಂದ ಹೊರಕ್ಕೆ ತಳ್ಳುತ್ತದೆ. ರಿಪೇರಿಯಲ್ಲಿ ಇನ್ನೊಂದು ಅಪಾಯವಿದೆ. ಕೊಂಡಿ ಮುರಿದಿದೆ, ಕಲ್ಲು ದೂರದಲ್ಲಿದೆ, ಒಂದು ಬೆಸುಗೆ ತಾನೇ ಎಂದುಕೊಳ್ಳುತ್ತೇವೆ. ಲೋಹಗಳಲ್ಲೆಲ್ಲ ಶಾಖವನ್ನು ಅತಿ ಚೆನ್ನಾಗಿ ಸಾಗಿಸುವುದು ಬೆಳ್ಳಿ. ಈ ತುದಿಯ ಬೆಂಕಿ ಕ್ಷಣದಲ್ಲಿ ಆ ತುದಿಯ ಕಲ್ಲನ್ನು ಮುಟ್ಟುತ್ತದೆ. ಆಚಾರಿಗೆ ಕೊಡುವಾಗಲೇ “ಕಲ್ಲು ಬಿಚ್ಚಿ ಬೆಸುಗೆ ಹಾಕಿ, ಇಲ್ಲ ಲೇಸರ್‌ನಲ್ಲಿ ಮಾಡಿಸಿ” ಎಂದು ಹೇಳಬೇಕು.

ಇನ್ನು ಕೊಳ್ಳುವ ಮಾತು. ಫಿರೋಜಾ ಎಂದು ಮಾರುವುದರಲ್ಲಿ ಬಣ್ಣ ಹಾಕಿದ ಹೌಲೈಟ್, ಮ್ಯಾಗ್ನೆಸೈಟ್ ಎಂಬ ಬಿಳಿ ಕಲ್ಲುಗಳು, ಗಾಜು, ಪ್ಲಾಸ್ಟಿಕ್ ಎಲ್ಲ ಇವೆ. ಅಸಲಿ ಕಲ್ಲಿಗೇ ರಾಳ ಕುಡಿಸಿ ಗಟ್ಟಿ ಮಾಡಿದ್ದೂ ಇದೆ. ರಾಳ ಕುಡಿಸಿದ್ದು ಮೋಸವಲ್ಲ, ಅದನ್ನು ಹೇಳದೆ ಮಾರುವುದು ಮೋಸ. ದಿನವೂ ಹಾಕುವ ಸರಕ್ಕೆ ಅದೇ ಒಳ್ಳೆಯದು, ಬೆವರಿಗೆ ಬೇಗ ಬಣ್ಣ ಬಿಡುವುದಿಲ್ಲ. ‘ಜರ್ಮನ್ ಸಿಲ್ವರ್’ನಲ್ಲಿ ಬೆಳ್ಳಿ ಒಂದು ಗುಲಗಂಜಿಯೂ ಇಲ್ಲ, ತಾಮ್ರ-ನಿಕ್ಕಲ್-ಸತುವಿನ ಮಿಶ್ರಣ ಅದು. ‘ಟಿಬೆಟನ್ ಸಿಲ್ವರ್’ ಹೆಸರಿನದೂ ಬಹುಪಾಲು ಅದರ ದಾಯಾದಿ. ನಿಕ್ಕಲ್ ಒಗ್ಗದವರಿಗೆ ಕುತ್ತಿಗೆ ತುರಿಸುತ್ತದೆ. 925 ಎಂಬ ಅಂಕಿಯನ್ನು ಯಾರು ಬೇಕಾದರೂ ಗುದ್ದಬಹುದು, ಜೊತೆಗೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು ಇದೆಯೇ ನೋಡಿ.

0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇದ್ದರೆ ಆರ್ಕಿಮಿಡೀಸನ ಉಪಾಯ ಮನೆಯಲ್ಲೇ ನಡೆಯುತ್ತದೆ. ಬಿಡಿ ಮಣಿಯನ್ನು ತೂಗಿ, 5.40 ಗ್ರಾಂ ಎನ್ನಿ. ಲೋಟದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಮಣಿಯನ್ನು ತೆಳು ದಾರದಲ್ಲಿ ಕಟ್ಟಿ ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 2.00 ತೋರಿಸಿದರೆ ಸಾಂದ್ರತೆ 5.40 ಭಾಗಿಸು 2.00, ಅಂದರೆ 2.70. ಫಿರೋಜಾ ಸಾಮಾನ್ಯವಾಗಿ 2.6ರಿಂದ 2.9ರೊಳಗೆ ಬರುತ್ತದೆ. ಮ್ಯಾಗ್ನೆಸೈಟ್ 3ರ ಹತ್ತಿರ, ಹೌಲೈಟ್ 2.6ಕ್ಕೆ ಸ್ವಲ್ಪ ಕೆಳಗೆ, ಪ್ಲಾಸ್ಟಿಕ್ 1.5ನ್ನೂ ಮುಟ್ಟುವುದು ಕಷ್ಟ. ರಂಧ್ರದಲ್ಲಿ ಗಾಳಿಗುಳ್ಳೆ ನಿಂತರೆ ಲೆಕ್ಕ ತಪ್ಪುತ್ತದೆ, ಮಣಿಯನ್ನು ಒಮ್ಮೆ ಅಲುಗಾಡಿಸಿ. ನೀರಿನಲ್ಲಿ ಕೆಲವೇ ಸೆಕೆಂಡು ಸಾಕು. ಬೆಳ್ಳಿ ಸರಪಳಿಗೂ ಇದೇ ದಾರಿ: 31 ಗ್ರಾಂ ತೂಗುವ 925 ಬೆಳ್ಳಿ ಸುಮಾರು 3.0 ತೋರಿಸಿದರೆ, ಅಷ್ಟೇ ತೂಕದ ಜರ್ಮನ್ ಸಿಲ್ವರ್ 3.6ರ ಹತ್ತಿರ ಹೋಗುತ್ತದೆ. ಒಳಗೆ ಟೊಳ್ಳಿರುವ ಮಣಿ, ಅರಗು ತುಂಬಿದ ಪದಕಗಳಿಗೆ ಈ ಪರೀಕ್ಷೆ ನಡೆಯದು. ಬಣ್ಣದ ಅನುಮಾನವಿದ್ದರೆ ಉಗುರುಬಣ್ಣ ಅಳಿಸುವ ಅಸಿಟೋನನ್ನು ಹತ್ತಿಗೆ ಹನಿಸಿ ರಂಧ್ರದ ಬಾಯಿಯನ್ನು ಒರೆಸಿ ನೋಡಿ. ಹತ್ತಿ ನೀಲಿಯಾದರೆ ಮುಂದೆ ಕೇಳುವುದೇನೂ ಇಲ್ಲ. ಕಾದ ಸೂಜಿ ಚುಚ್ಚುವ ಪರೀಕ್ಷೆ ಮಾತ್ರ ಬೇಡ, ಅಸಲಿ ಕಲ್ಲಿಗೇ ಕಲೆ ಬೀಳುತ್ತದೆ.

ಧರಿಸಿದವರ ಆರೋಗ್ಯ ಕೆಟ್ಟರೆ ಫಿರೋಜಾ ಬಣ್ಣ ಕೆಡುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಬಣ್ಣ ಕೆಡುವುದಂತೂ ನಿಜ, ಕಾರಣ ಮೈಯ ಎಣ್ಣೆ ಮತ್ತು ಬೆವರು. ನಮ್ಮಲ್ಲಿ ಇದಕ್ಕೆ ಕೊಬ್ಬರಿ ಎಣ್ಣೆ, ಅರಿಶಿನ, ಗಂಧ, ಸೆಂಟು ಎಲ್ಲ ಸೇರುತ್ತವೆ. ತಲೆ ಬಾಚಿ, ಹೂ ಮುಡಿದು, ಸೆಂಟು ಹಾಕಿದ್ದು ಆರಿದ ಮೇಲೆ ಕಡೆಗೆ ಈ ಸರ ಹಾಕಿಕೊಳ್ಳಿ, ಬಂದ ಮೇಲೆ ಎಲ್ಲಕ್ಕಿಂತ ಮೊದಲು ತೆಗೆಯಿರಿ. ಧೂಳನ್ನು ಒಣಬಟ್ಟೆಯಲ್ಲಿ ತಿಕ್ಕಬೇಡಿ. ಧೂಳಿನ ಮರಳು ಕಣದ ಗಡಸು 7, ಕಲ್ಲನ್ನು ಗೀರುತ್ತದೆ. ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆ ಸಾಕು.

ಬೆಳ್ಳಿ ಕಪ್ಪಾಗುವುದು ಗಾಳಿಯ ಗಂಧಕದ ಅನಿಲಗಳಿಂದ. ಅಲ್ಯೂಮಿನಿಯಂ ಹಾಳೆ, ಸೋಡಾ, ಬಿಸಿನೀರಿನ ಉಪಾಯ ಆ ಕಪ್ಪನ್ನು ನಿಜವಾಗಿಯೂ ಮತ್ತೆ ಬೆಳ್ಳಿಯಾಗಿಸುತ್ತದೆ, ಆದರೆ ಕಲ್ಲಿರುವ ಒಡವೆಗೆ ಅದು ಬೇಡ. ಬೆಳ್ಳಿಗೆಂದೇ ಸಿಗುವ ಪಾಲಿಶ್ ಬಟ್ಟೆಯಿಂದ ಲೋಹವನ್ನಷ್ಟೇ ಒರೆಸಿ. ವಿಭೂತಿಯೇ ಬೇಕೆಂದರೆ ಬೆರಳ ತುದಿಯಲ್ಲಿ ಒಂದು ಚಿಟಿಕೆ, ಪದಕದ ಬೆನ್ನಿಗೆ ಮಾತ್ರ. ಗೆರೆಗಳಲ್ಲಿರುವ ಕಪ್ಪನ್ನು ಕೆರೆಯಬೇಡಿ, ಚಿತ್ತಾರ ಎದ್ದು ಕಾಣಲೆಂದು ಕೆಲಸಗಾರರೇ ಕೂರಿಸಿದ ಕಪ್ಪು ಅದು. ಮುಚ್ಚುವ ಪ್ಲಾಸ್ಟಿಕ್ ಕವರಿನಲ್ಲಿ ಒಂಟಿಯಾಗಿ ಇಡಿ, ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲೂ ಗಂಧಕವಿದೆ. ಪೋಣಿಸಿದ ಸರವಾದರೆ ಕೊಂಡಿಯ ಪಕ್ಕದ ಎರಡು ಮಣಿಗಳ ನಡುವಿನ ದಾರವನ್ನು ಆಗಾಗ ಬಿಡಿಸಿ ನೋಡಿ. ಮೊದಲು ನಾರು ಏಳುವುದು ಅಲ್ಲೇ. ಹೊಸ ದಾರ ಹಾಕಿಸುವಾಗ ಮಣಿಗೊಂದು ಗಂಟು ಕೇಳಿ, ಹರಿದರೂ ಬೀಳುವುದು ಒಂದೇ ಮಣಿ.