ಸಮ್ಮರ್ ಆಫ್ ಕೋಡ್‌ಗೆ ಮೆಂಟರ್ ಮತ್ತು ಐಡಿಯಾ ಹುಡುಕೋದು: ಹಳೇ ಪುಲ್ ರಿಕ್ವೆಸ್ಟ್ ಓದಿ

ಪುಣೆಯಲ್ಲಿ ಇಂಜಿನಿಯರಿಂಗ್ ಓದ್ತಿರೋ ನಮ್ಮ ಕಡೆ ಹುಡುಗ್ರು ಹುಡುಗೀರು ಜನವರಿ ಬಂತು ಅಂದ್ರೆ ಕೇಳೋದು ಎರಡೇ ಪ್ರಶ್ನೆ. ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಮೆಂಟರ್ ಎಲ್ಲಿ ಸಿಗ್ತಾರೆ, ಪ್ರಾಜೆಕ್ಟ್ ಐಡಿಯಾ ಎಲ್ಲಿಂದ ತರೋದು. ನಾನು ಈಗಷ್ಟೇ ಪ್ರಪೋಸಲ್ ಸಬ್ಮಿಟ್ ಮಾಡಿ ಕೂತಿದೀನಿ, ಎಲ್ಲಾ ತಲೇಲಿ ಇರೋವಾಗ್ಲೇ ಬರೆದಿಟ್ರೆ ನನಗೂ ಗಟ್ಟಿಯಾಗುತ್ತೆ ಅಂತ ಇದು. ಗಿಟ್ ಬರುತ್ತೆ, ಪುಲ್ ರಿಕ್ವೆಸ್ಟ್ ಅಂದ್ರೇನು ಗೊತ್ತು ಅಂದ್ಕೊಂಡೇ ಬರೀತೀನಿ.

ಪ್ರೋಗ್ರಾಮ್ ಬಗ್ಗೆ ಬೇಗ ಹೇಳಿಬಿಡ್ತೀನಿ. ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರೋ) ಸಂಸ್ಥೆಯ ಒಂದು ಪ್ರಾಜೆಕ್ಟನ್ನ ಅಲ್ಲಿನ ಮೆಂಟರ್ ಮಾರ್ಗದರ್ಶನದಲ್ಲಿ ಮಾಡೋ ಗೂಗಲ್ ಕಾರ್ಯಕ್ರಮ ಇದು. 2005ರಲ್ಲಿ ಶುರುವಾಯ್ತು, ಮೊದಲು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು, 2022ರಿಂದ 18 ವರ್ಷ ತುಂಬಿದ, ಓಪನ್ ಸೋರ್ಸ್‌ಗೆ ಹೊಸಬರಾದ ಬೇರೆಯವರೂ ಹಾಕಬಹುದು. 2025ರಲ್ಲಿ 185 ಸಂಸ್ಥೆಗಳಿದ್ವು. ಫೆಬ್ರವರಿ ಕೊನೆಗೆ ಸಂಸ್ಥೆಗಳ ಪಟ್ಟಿ ಬರುತ್ತೆ, ಮಾರ್ಚ್ ಕೊನೆ ಏಪ್ರಿಲ್ ಶುರುವಿನಲ್ಲಿ ಪ್ರಪೋಸಲ್, ಏಪ್ರಿಲ್ ಕೊನೆ ಅಥವಾ ಮೇನಲ್ಲಿ ರಿಸಲ್ಟ್. ಪ್ರಾಜೆಕ್ಟ್‌ಗಳು 90, 175, 350 ಗಂಟೆ ಅಂತ ಮೂರು ಸೈಜಿನಲ್ಲಿರ್ತವೆ, ಒಬ್ಬರು ಮೂರು ಪ್ರಪೋಸಲ್ ತನಕ ಕಳಿಸಬಹುದು.

ಮೆಂಟರ್ ಬೇರೆ, ಐಡಿಯಾ ಬೇರೆ ಅಂತ ಹುಡುಕಬೇಡಿ

ನನಗೆ ಅರ್ಥ ಆಗೋಕೆ ತುಂಬಾ ಹೊತ್ತು ಹಿಡಿದ ವಿಷಯ ಇದೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಗೂಗಲ್ ನಮಗೆ ಮೆಂಟರ್ ಕೊಡಲ್ಲ. ಆಯಾ ಸಂಸ್ಥೆಯೊಳಗೆ ವರ್ಷಗಟ್ಟಲೆ ಆ ಕೋಡ್ ನೋಡ್ಕೊಂಡು ಬಂದಿರೋ ಒಬ್ಬರು, ಸಂಜೆ ಆಫೀಸ್ ಮುಗಿಸಿ, ತಮ್ಮ ಸ್ವಂತ ಟೈಮಲ್ಲಿ, "ಈ ಕೆಲಸ ಆದ್ರೆ ಒಳ್ಳೇದು, ಈ ಹುಡುಗಿ ಮಾಡ್ತಾಳೆ ಅನ್ಸುತ್ತೆ, ನಾನು ನೋಡ್ಕೋತೀನಿ" ಅಂತ ಮುಂದೆ ಬಂದ್ರೆ ಮಾತ್ರ ಆ ಪ್ರಪೋಸಲ್‌ಗೆ ಜೀವ. ಪ್ರತಿ ಸಂಸ್ಥೆಗೂ ಇಂತಿಷ್ಟೇ ಸ್ಲಾಟ್, ಒಂದೇ ಐಡಿಯಾಗೆ ಹತ್ತು ಜನ ಚೆನ್ನಾಗಿ ಬರೆದ್ರೂ ಸಾಮಾನ್ಯವಾಗಿ ತಗೊಳ್ಳೋದು ಒಬ್ಬರನ್ನ. ಆದ್ರೂ ಸಂಸ್ಥೆ ತಾನೇ ಹಾಕೋ ಐಡಿಯಾ ಪಟ್ಟಿಯ ಮೊದಲ ಸಾಲಲ್ಲಿ ಮಷಿನ್ ಲರ್ನಿಂಗ್ ಅಂತ ಇರೋದಕ್ಕೆ ಎಲ್ಲರೂ ಮುಗಿಬೀಳ್ತಾರೆ, ಕೆಳಗಡೆ ಟೆಸ್ಟ್ ಫ್ರೇಮ್‌ವರ್ಕ್, ಇಂಪೋರ್ಟ್ ಫಿಲ್ಟರ್ ಅಂತ ಇರೋದನ್ನ ಯಾರೂ ಓದೋದೇ ಇಲ್ಲ. ಮೆಂಟರ್‌ಗೆ ನಿಜವಾಗಿ ಬೇಕಿರೋ ಕೆಲಸ ಎಷ್ಟೋ ಸಲ ಆ ಕೆಳಗಿನ ಸಾಲಲ್ಲೇ ಇರುತ್ತೆ.

ಸಂಸ್ಥೆ ಆರಿಸೋದು ಹೇಗೆ ಅಂತ ಜಾಸ್ತಿ ತಲೆ ಕೆಡಿಸ್ಕೋಬೇಡಿ, ನೀವು ದಿನಾ ಬಳಸೋ ಸಾಫ್ಟ್‌ವೇರ್‌ನಿಂದ ಶುರು ಮಾಡಿ. ಹಾಸ್ಟೆಲಲ್ಲಿ ನಮ್ಮ ಧಾರವಾಡದ ಸೀನಿಯರ್ ಒಬ್ರು ಹೇಳಿದ್ದು ಇಷ್ಟೇ: "ಮೊದ್ಲ ಅದನ್ನ ನಿನ್ನ ಲ್ಯಾಪ್‌ಟಾಪ್‌ನ್ಯಾಗ ಬಿಲ್ಡ್ ಮಾಡಿ ಓಡಿಸಪಾ, ಮೆಂಟರ್ ಮಾತು ಆಮ್ಯಾಲೆ." ಅಪ್ಪಟ ಸತ್ಯ. ಲಿಬ್ರೆಆಫೀಸ್‌ನಂಥದ್ದು ಮೊದಲ ಸಲ ಬಿಲ್ಡ್ ಆಗೋಕೆ ಗಂಟೆಗಟ್ಟಲೆ ಹಿಡಿಯುತ್ತೆ, 8 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪ್ ಒದ್ದಾಡುತ್ತೆ, ಅದು ಜನವರಿಯಲ್ಲೇ ಗೊತ್ತಾದ್ರೆ ಒಳ್ಳೇದು.

ನನ್ನ ಮೆಚ್ಚಿನ ದಾರಿ: ಮರ್ಜ್ ಆದ ಪುಲ್ ರಿಕ್ವೆಸ್ಟ್‌ಗಳು

ಎಲ್ಲರೂ ಗುಡ್ ಫಸ್ಟ್ ಇಶ್ಯೂ (ಹೊಸಬರಿಗೆ ಅಂತ ಗುರುತು ಹಾಕಿದ ಸುಲಭ ಕೆಲಸ) ಲೇಬಲ್ ಹಾಕಿ ಹುಡುಕ್ತಾರೆ. ಮೊದಲ ಪ್ಯಾಚ್‌ಗೆ ಅದು ಸರಿ, ಲಿಬ್ರೆಆಫೀಸ್‌ನಲ್ಲಿ ಅದಕ್ಕೇ ಈಝಿಹ್ಯಾಕ್ ಅಂತ ಪ್ರತ್ಯೇಕ ಪಟ್ಟಿ ಇದೆ, ಯಂತ್ರಾನುವಾದದ ಸಾಫ್ಟ್‌ವೇರ್ ಮಾಡೋ ಅಪರ್ಟಿಯಮ್‌ನಲ್ಲಿ ಒಂದೊಂದು ಐಡಿಯಾ ಜೊತೆಗೇ ಕೋಡಿಂಗ್ ಚಾಲೆಂಜ್ ಕೊಟ್ಟಿರ್ತಾರೆ. ಆದ್ರೆ ಬೇಸಿಗೆಯಿಡೀ ಮಾಡೋ ಕೆಲಸ ಆ ಲೇಬಲ್ ಕೆಳಗೆ ಸಿಗಲ್ಲ. ಅದಕ್ಕೆ ಓದಬೇಕಾದ್ದು ಈಗಾಗ್ಲೇ ಮುಗಿದ ಪುಲ್ ರಿಕ್ವೆಸ್ಟ್‌ಗಳ ಕೆಳಗಿನ ಮಾತುಕತೆ.

ಗಿಟ್‌ಹಬ್‌ನಲ್ಲಿ ಮರ್ಜ್ ಆದವು ಅಂತ ಫಿಲ್ಟರ್ ಹಾಕಿ, ಹಿಂದಿನ ಆರೇಳು ತಿಂಗಳದ್ದನ್ನ ತೆರೀರಿ, ಕೋಡ್‌ಗಿಂತ ಜಾಸ್ತಿ ಕಾಮೆಂಟ್ ಇರೋದನ್ನೇ ಮೊದಲು ಓದಿ. ಅಲ್ಲಿ ರಿವ್ಯೂ ಮಾಡೋರು ಒಂದು ಮಾತು ಪದೇ ಪದೇ ಬರೀತಾರೆ: "ಇದು ಈ ಪುಲ್ ರಿಕ್ವೆಸ್ಟ್‌ನ ಸ್ಕೋಪ್ ಅಲ್ಲ, ಫಾಲೋ-ಅಪ್ ಆಗಿ ಮಾಡೋಣ." ಆ ಫಾಲೋ-ಅಪ್ ಎಷ್ಟೋ ಸಲ ಆಗಿರೋದೇ ಇಲ್ಲ. ಯಾಕೆ ಇದನ್ನ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಆ ಒಂದು ಸಾಲಲ್ಲಿ ನಮಗೆ ಬೇಕಾದ್ದೆಲ್ಲಾ ಇದೆ: ಕೆಲಸ ಬೇಕು ಅಂತ ಮೆಂಟೇನರ್ (ಆ ಕೋಡ್ ನೋಡ್ಕೊಳ್ಳೋರು) ತಾನೇ ಒಪ್ಪಿದಾರೆ, ಕೋಡ್‌ನ ಯಾವ ಫೈಲಲ್ಲಿ ಅಂತ ಗೊತ್ತಾಯ್ತು, ಅದರ ಬಗ್ಗೆ ಕಾಳಜಿ ಇರೋ ಮನುಷ್ಯ ಯಾರು ಅಂತಾನೂ ಗೊತ್ತಾಯ್ತು. ನಾಳೆ ಮೆಂಟರ್ ಆಗಬಹುದಾದವರು ಬಹುತೇಕ ಅವರೇ. ಔಟ್ ಆಫ್ ಸ್ಕೋಪ್, ಫಾಲೋ-ಅಪ್, ಈ ಪದಗಳನ್ನೇ ಕಾಮೆಂಟ್‌ಗಳಲ್ಲಿ ಸರ್ಚ್ ಮಾಡಿ. ಸಿಕ್ಕಿದ್ದು ಆಮೇಲೆ ಯಾರಾದ್ರೂ ಮುಗಿಸಿಬಿಟ್ಟಿದಾರಾ ಅಂತ ಈಗಿನ ಕೋಡ್ ತೆಗೆದು ನೋಡೋದು ಮರೀಬೇಡಿ.

ಮರ್ಜ್ ಆಗದೇ ಅರ್ಧಕ್ಕೆ ನಿಂತವೂ ಚಿನ್ನ. ಯಾಕೆ ನಿಂತ್ವು ಅನ್ನೋದೇ ಮುಖ್ಯ. ಮೆಂಟೇನರ್ ಬೇಡ ಅಂದಿದ್ರೆ ಆ ಕಡೆ ತಿರುಗಿ ನೋಡಬೇಡಿ, ಬರೆದವರು ನಡುವೆ ಮಾಯವಾಗಿದ್ರೆ ಅದರಲ್ಲಿ ಬಂದ ರಿವ್ಯೂ ಕಾಮೆಂಟ್‌ಗಳೇ ನಿಮ್ಮ ಪ್ರಪೋಸಲ್‌ನ ಅರ್ಧ ಭಾಗ.

ಯಾರು ನಿಜವಾಗಿ ರಿವ್ಯೂ ಮಾಡ್ತಾರೆ ಅಂತ ನೋಡೋಕೆ ಕೋಡ್‌ಓನರ್ಸ್ ಫೈಲ್ (ಯಾವ ಭಾಗಕ್ಕೆ ಯಾರು ಜವಾಬ್ದಾರಿ ಅಂತ ಬರೆದಿರೋ ಪಟ್ಟಿ) ಇದ್ರೆ ಅದು, ಇಲ್ಲಾಂದ್ರೆ ಆ ಫೋಲ್ಡರ್‌ಗೆ ಗಿಟ್ ಶಾರ್ಟ್‌ಲಾಗ್. ಶಾರ್ಟ್‌ಲಾಗ್ ಕೊಡೋದು ಕೋಡ್ ಬರೆದವರ ಹೆಸರು, ಹತ್ತು ವರ್ಷದ ಹಿಂದೆ ಬಿಟ್ಟು ಹೋದವರೂ ಮೇಲೇ ಕಾಣ್ತಾರೆ, ಅದಕ್ಕೆ ಒಂದು ವರ್ಷ ಈಚೆಗೆ ಅಂತ ಮಿತಿ ಹಾಕಿ. ಜೊತೆಗೆ ಸಮ್ಮರ್ ಆಫ್ ಕೋಡ್‌ನ ಆರ್ಕೈವ್‌ನಲ್ಲಿ ಹಿಂದಿನ ವರ್ಷಗಳ ಪ್ರಾಜೆಕ್ಟ್‌ಗಳನ್ನ ಹಾಕಿರ್ತಾರೆ, ಮೆಂಟರ್‌ಗಳ ಹೆಸರೂ ಸಿಗುತ್ತೆ. ಹೊಸಬರ ಪ್ಯಾಚ್‌ಗೆ ಅವರು ಹೇಗೆ ಉತ್ತರ ಬರೆದಿದಾರೆ ಅಂತ ನಾಲ್ಕು ಥ್ರೆಡ್ ಓದಿದ್ರೆ ಮೂರು ತಿಂಗಳು ಇವರ ಜೊತೆ ಕೆಲಸ ಮಾಡೋಕೆ ಆಗುತ್ತಾ ಅಂತ ತಿಳಿದುಬಿಡುತ್ತೆ.

ಮೊದಲ ಮೆಸೇಜ್

ಖಾಸಗಿಯಾಗಿ ಮೆಂಟರ್‌ಗೆ ಮೇಲ್ ಹಾಕಬೇಡಿ, ಸಂಸ್ಥೆಯ ಪಬ್ಲಿಕ್ ಚಾನೆಲ್‌ನಲ್ಲೇ ಬರೀರಿ. ಅಲ್ಲಿ ಇನ್ನೊಬ್ಬರೂ ಉತ್ತರ ಕೊಡಬಹುದು, ಮುಂದೆ ಅದೇ ಪ್ರಶ್ನೆ ಬಂದವರಿಗೂ ಸಿಗುತ್ತೆ. "ಹಲೋ ಸರ್, ನನಗೆ ಪೈಥಾನ್ ಬರುತ್ತೆ, ಈ ಪ್ರಾಜೆಕ್ಟ್‌ನಲ್ಲಿ ಆಸಕ್ತಿ ಇದೆ, ಗೈಡ್ ಮಾಡಿ" ಅನ್ನೋ ಮೆಸೇಜ್‌ಗಳು ಫೆಬ್ರವರಿಯಲ್ಲಿ ರಾಶಿ ಬೀಳ್ತವೆ, ಅದಕ್ಕೆ ಏನಂತ ಉತ್ತರ ಕೊಡ್ತಾರೆ ಪಾಪ. ಎಐ ಹತ್ರ ಬರೆಸಿದ ಉದ್ದದ ಪರಿಚಯ ಪತ್ರವೂ ಅಷ್ಟೇ. ನಾನು ಕಳಿಸಿದ್ದರ ಸಾರ ಹೀಗಿತ್ತು:

"ನಿಮ್ಮ ಎಡಿಟರ್ ಬಿಲ್ಡ್ ಮಾಡಿ ನೋಡಿದೆ. ಫೈಂಡ್ ಬಾಕ್ಸ್‌ನಲ್ಲಿ ಕನ್ನಡ ಪದ ಹುಡುಕಿದ್ರೆ ಕಣ್ಣಿಗೆ ಕಾಣದ ಜಾಯ್ನರ್ ಇರೋದು, ಇಲ್ಲದ್ದು ಬೇರೆ ಬೇರೆ ಅಂತ ತಗೊಳ್ಳುತ್ತೆ. ಹೋಲಿಕೆ ಮಾಡೋ ಫಂಕ್ಷನ್ ಸಿಕ್ಕಿತು. ಇದನ್ನ ಆಪ್ಷನ್ ಆಗಿ ಇಡೋದಾ, ಡೀಫಾಲ್ಟ್ ಮಾಡೋದಾ? ಮೊದಲು ಟೆಸ್ಟ್ ಮಾತ್ರ ಬರೆದು ಕಳಿಸಿದ್ರೆ ನೋಡ್ತೀರಾ?"

ಉತ್ತರ ಕೊಡೋಕೆ ಎರಡು ನಿಮಿಷ ಸಾಕಾಗಬೇಕು, ಹೌದು ಅಥವಾ ಬೇಡ ಅನ್ನೋ ಹಂಗಿರಬೇಕು, ನೀವು ಏನು ನೋಡಿದಿರಿ ಅನ್ನೋದು ಅದರೊಳಗೇ ಕಾಣಬೇಕು. ಉತ್ತರ ಬರಲಿಲ್ಲ ಅಂದ್ರೆ ಒಂದು ವಾರ ಬಿಟ್ಟು ಅದೇ ಥ್ರೆಡ್‌ನಲ್ಲಿ ಇನ್ನೊಂದು ಸಾಲು, ಅಷ್ಟರಲ್ಲಿ ಒಂದು ಸಣ್ಣ ಪ್ಯಾಚ್.

ನಮ್ಮ ಭಾಷೆಯ ತೊಂದರೆಯೇ ಐಡಿಯಾ

ಮೇಲಿನ ಉದಾಹರಣೆ ಎಲ್ಲಿಂದ ಬಂತು ಅಂದ್ರೆ, "ಸಾಫ್ಟ್‌ವೇರ್" ಅಂತ ಸರಿಯಾಗಿ ಬರೆಯೋಕೆ ಟ್ ಮತ್ತು ವೇ ನಡುವೆ ಝೀರೋ ವಿಡ್ತ್ ನಾನ್ ಜಾಯ್ನರ್ ಕೂರಬೇಕು, ಇಲ್ಲಾಂದ್ರೆ "ಸಾಫ್ಟ್ವೇರ್" ಅಂತ ಒತ್ತಕ್ಷರ ಆಗಿಬಿಡುತ್ತೆ. "ರ‍್ಯಾಂಕ್"ಗೆ ಝೀರೋ ವಿಡ್ತ್ ಜಾಯ್ನರ್ ಬೇಕು, ಇಲ್ಲಾಂದ್ರೆ ಅರ್ಕಾವತ್ತು ಬಂದು "ರ್ಯಾಂಕ್" ಆಗುತ್ತೆ. ಜನ ಎರಡೂ ಥರ ಟೈಪ್ ಮಾಡ್ತಾರೆ, ಸರ್ಚ್ ಒಂದನ್ನ ಹಿಡಿದು ಇನ್ನೊಂದನ್ನ ಬಿಡುತ್ತೆ. ಯೂನಿಕೋಡ್‌ನ ಕೊಲೇಷನ್ (ಪದಗಳನ್ನ ಹೋಲಿಸಿ ಜೋಡಿಸೋ) ನಿಯಮದಲ್ಲಿ ಈ ಎರಡೂ ಕ್ಯಾರೆಕ್ಟರ್‌ಗಳನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಯೂನಿಕೋಡ್ ಪಠ್ಯ ನಿಭಾಯಿಸೋ ಐಸಿಯು ಲೈಬ್ರರಿಯಲ್ಲಿ ಆ ನಿಯಮದ ಮೇಲೇ ನಡೆಯೋ ಸ್ಟ್ರಿಂಗ್ ಸರ್ಚ್ ಇದೆ. ಅಂದ್ರೆ ಸಿದ್ಧಾಂತ ಹೊಸದಾಗಿ ಕಟ್ಟಬೇಕಿಲ್ಲ.

ಆದ್ರೆ ಸೈಜ್ ಲೆಕ್ಕ ಹಾಕೋದು ಇಲ್ಲೇ ಇದೆ. ಜಾಯ್ನರ್‌ಗಳನ್ನ ತೆಗೆದು ಹೋಲಿಸಿದ್ರೆ ಆಯ್ತಲ್ಲ, ಎರಡು ದಿನದ ಕೆಲಸ ಅನ್ಸುತ್ತೆ. ತೆಗೆದ ಮೇಲೆ ಪದ ಗಿಡ್ಡ ಆಗುತ್ತೆ, ಆಗ ಸಿಕ್ಕ ಜಾಗದ ಇಂಡೆಕ್ಸ್ ಮೂಲ ಪಠ್ಯದ ಇಂಡೆಕ್ಸ್‌ಗೆ ಹೊಂದಲ್ಲ, ಹೈಲೈಟ್ ಒಂದು ಅಕ್ಷರ ಆಚೆ ಈಚೆ ಬೀಳುತ್ತೆ. ರಿಪ್ಲೇಸ್ ಒತ್ತಿದ್ರೆ ಜಾಯ್ನರ್ ಒಂಟಿಯಾಗಿ ಅಲ್ಲೇ ಉಳಿದುಬಿಡಬಹುದು. ರೆಗ್ಯುಲರ್ ಎಕ್ಸ್‌ಪ್ರೆಶನ್ ಹುಡುಕಾಟಕ್ಕೆ ಏನು ಮಾಡೋದು ಅನ್ನೋದು ಬೇರೆಯೇ ಕಥೆ. ಇಂಡೆಕ್ಸ್ ಮ್ಯಾಪಿಂಗ್, ರಿಪ್ಲೇಸ್, ಆಪ್ಷನ್, ಟೆಸ್ಟ್, ಡಾಕ್ಯುಮೆಂಟೇಶನ್ ಸೇರಿದ್ರೆ 90 ಗಂಟೆ. ಮಲಯಾಳಂ, ಮರಾಠಿ, ಪರ್ಷಿಯನ್ ಕೇಸ್‌ಗಳನ್ನೂ ಸೇರಿಸಿ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೂ ಕೈ ಹಾಕಿದ್ರೆ 175. ಈ ಥರ ಒಡೆದು ಬರೆದ ಪ್ರಪೋಸಲ್ ಓದಿದವರಿಗೆ ಇವರು ಕೋಡ್ ಒಳಗೆ ಇಳಿದಿದಾರೆ ಅಂತ ತಾನಾಗೇ ತಿಳಿಯುತ್ತೆ. ಅರ್ಧಕ್ಕೇ ನಿಲ್ಲಿಸಿದ್ರೂ ಅಲ್ಲಿವರೆಗಿನದು ಮರ್ಜ್ ಆಗೋ ಹಂಗೆ ಹಂತ ಮಾಡಿ.

ಇದೊಂದೇ ಅಲ್ಲ

ಔಟ್‌ರೀಚಿ ಅನ್ನೋ ಇಂಟರ್ನ್‌ಶಿಪ್ ವರ್ಷಕ್ಕೆ ಎರಡು ಸಲ, 7000 ಡಾಲರ್ ಸ್ಟೈಪೆಂಡ್, ಟೆಕ್ ಕ್ಷೇತ್ರದಲ್ಲಿ ತಾರತಮ್ಯ ಎದುರಿಸೋರಿಗೆ ಅಂತ ಇರೋದು, ನಮ್ಮ ಹುಡುಗೀರು ಖಂಡಿತ ನೋಡಬೇಕು. ಲಿನಕ್ಸ್ ಫೌಂಡೇಶನ್‌ನ ಎಲ್‌ಎಫ್‌ಎಕ್ಸ್ ಮೆಂಟರ್‌ಶಿಪ್ ಇದೆ. ಹತ್ತಿರದಲ್ಲೇ ಮುಂಬೈನ ಪವಾಯಿಯಲ್ಲಿ ಐಐಟಿ ಬಾಂಬೆಯ ಫಾಸಿ (ಶಿಕ್ಷಣದಲ್ಲಿ ಓಪನ್ ಸೋರ್ಸ್ ಬಳಕೆ ಹೆಚ್ಚಿಸೋ) ಪ್ರಾಜೆಕ್ಟ್ ಬೇಸಿಗೆ ಫೆಲೋಶಿಪ್ ನಡೆಸುತ್ತೆ, ಸೈಲ್ಯಾಬ್ (ಗಣಿತದ ಲೆಕ್ಕಕ್ಕೆ), ಇಸಿಮ್ (ಸರ್ಕ್ಯೂಟ್ ವಿನ್ಯಾಸಕ್ಕೆ) ಥರದ ಟೂಲ್‌ಗಳ ಮೇಲೆ ಕೆಲಸ, ಮೊದಲು ಸ್ಕ್ರೀನಿಂಗ್ ಟಾಸ್ಕ್ ಮಾಡಿ ತೋರಿಸಬೇಕು. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್‌ನವರಿಗೆ ನಾನು ಮೊದಲು ಹೇಳೋದು ಇದನ್ನೇ.

ಟೈಮ್ ವಿಚಾರ

ಡೆಡ್‌ಲೈನ್ ಸಾಮಾನ್ಯವಾಗಿ 18:00 ಯುಟಿಸಿ, ಅಂದ್ರೆ ನಮ್ಮಲ್ಲಿ ರಾತ್ರಿ 11:30. ಡ್ರಾಫ್ಟ್ ಮಾತ್ರ ಎರಡು ವಾರ ಮೊದಲೇ ಮೆಂಟರ್‌ಗೆ ತೋರಿಸಿ, ಕೊನೇ ವಾರದಲ್ಲಿ ಅವರಿಗೂ ಓದೋಕೆ ಪುರುಸೊತ್ತಿರಲ್ಲ. ಯುರೋಪ್‌ನವರ ಜೊತೆ ಮೀಟಿಂಗ್ ಇದ್ರೆ ಮಾರ್ಚ್ ಕೊನೇ ಭಾನುವಾರ ಅವರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತೆ, ನಮಗೆ ಮೀಟಿಂಗ್ ಒಂದು ಗಂಟೆ ಮುಂಚೆ ಬರುತ್ತೆ. ಪುಣೆ ಯೂನಿವರ್ಸಿಟಿಯ ಎಂಡ್‌ಸೆಮ್ ಮೇ-ಜೂನ್‌ನಲ್ಲಿ ಬಂದು ಕೋಡಿಂಗ್ ಶುರುವಾಗೋ ಹೊತ್ತಿಗೇ ಕೂರುತ್ತೆ, ಆ ವಾರಗಳಲ್ಲಿ ಎಷ್ಟು ಗಂಟೆ ಆಗುತ್ತೆ ಅಂತ ಪ್ರಪೋಸಲ್‌ನಲ್ಲೇ ಬರೀರಿ. 12 ವಾರದ ಪ್ರಾಜೆಕ್ಟ್ ಆಗಸ್ಟ್ ಕೊನೆಗೆ ಮುಗಿಯುತ್ತೆ, ಕೆಲವು ವರ್ಷ ಗಣಪತಿ ಹಬ್ಬ ಸರಿಯಾಗಿ ಅದೇ ವಾರ ಬೀಳುತ್ತೆ. ಹತ್ತು ದಿನ ಪೇಟೆ ಕಡೆ ರಸ್ತೆ ಬಂದ್, ಢೋಲ್-ತಾಶಾ, ಮನೆ ತುಂಬಾ ನೆಂಟರು. ಪಂಚಾಂಗ ನೋಡಿ ಕೊನೇ ಹಂತವನ್ನ ಚೌತಿಗಿಂತ ಒಂದು ವಾರ ಮೊದಲೇ ಮುಗಿಯೋ ಹಂಗೆ ಟೈಮ್‌ಲೈನ್ ಹಾಕಿ.