ಮಣಿಕಟ್ಟಿನಿಂದ ಮೆದುಳು ಕಾಣಿಸುತ್ತಾ?

ಬೆಳಿಗ್ಗೆ ಎದ್ದು ಫೋನ್ ಕೈಗೆತ್ತಿಕೊಂಡರೆ ರಾತ್ರಿಯ ಲೆಕ್ಕವೆಲ್ಲ ಅದರಲ್ಲಿ ಬಂದು ಕೂತಿರುತ್ತದೆ. ಒಟ್ಟು ನಿದ್ದೆ 6 ಗಂಟೆ 48 ನಿಮಿಷ. ಗಾಢ ನಿದ್ದೆ 52 ನಿಮಿಷ. ಕನಸು ಹೆಚ್ಚಾಗಿ ಬೀಳುವ ನಿದ್ದೆ, ಅಂದರೆ ರೆಮ್, 1 ಗಂಟೆ 21 ನಿಮಿಷ. ಕೊನೆಗೆ ನೂರಕ್ಕೆ ಇಷ್ಟು ಅಂತ ಒಂದು ಅಂಕ. ಸ್ಮಾರ್ಟ್‌ವಾಚ್ ಕಟ್ಟಿಕೊಂಡೋ ಉಂಗುರ ಹಾಕಿಕೊಂಡೋ ಮಲಗುವವರು ಈ ಅಂಕಿಗಳನ್ನು ಥರ್ಮಾಮೀಟರಿನ ಅಂಕಿಯಷ್ಟೇ ನಂಬುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ನಿಮಿಷದ ಮಟ್ಟಕ್ಕೆ ಲೆಕ್ಕ ಕೊಟ್ಟರೆ ಯಾರಾದರೂ ಅದನ್ನು ಅಳತೆ ಅಂತಲೇ ತಿಳಿಯುತ್ತಾರೆ.

ಆದರೆ ಆ 52 ನಿಮಿಷವನ್ನು ವಾಚ್ ಅಳೆದಿಲ್ಲ. ಊಹಿಸಿದೆ. ಊಹೆ ಅಂದ ತಕ್ಷಣ ಬರೀ ಸುಳ್ಳು ಅಂತಲ್ಲ. ಕೆಲವು ವಿಷಯದಲ್ಲಿ ಅದು ಚೆನ್ನಾಗಿಯೇ ಊಹಿಸುತ್ತದೆ, ಕೆಲವರ ವಿಷಯದಲ್ಲಿ ತುಂಬಾ ಎಡವುತ್ತದೆ. ಎಲ್ಲಿ, ಯಾರ ವಿಷಯದಲ್ಲಿ ಎಡವುತ್ತದೆ ಅನ್ನುವುದನ್ನು ವಾಚ್ ಕಟ್ಟಿಕೊಳ್ಳುವ ಎಲ್ಲರೂ ತಿಳಿದಿರಬೇಕು ಅಂತ ನನಗೆ ಅನ್ನಿಸುತ್ತದೆ.

ಮೊದಲು ವಾಚಿನೊಳಗೆ ಏನಿದೆ ನೋಡೋಣ. ನಿದ್ದೆಯ ಲೆಕ್ಕಕ್ಕೆ ಬೇಕಾದ ಸೆನ್ಸರ್‌ಗಳು ಮುಖ್ಯವಾಗಿ ಎರಡು. ಒಂದು ಕೈಯ ಅಲುಗಾಟವನ್ನು ಗುರುತಿಸುತ್ತದೆ. ಇನ್ನೊಂದು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ವಾಪಸ್ ಬರುವ ಬೆಳಕು ಎಷ್ಟು ಅಂತ ನೋಡುತ್ತದೆ. ಪ್ರತಿ ಬಡಿತಕ್ಕೂ ರಕ್ತನಾಳ ಸ್ವಲ್ಪ ಉಬ್ಬುತ್ತದೆ, ಬೆಳಕು ಜಾಸ್ತಿ ಹೀರಿಕೊಳ್ಳುತ್ತದೆ. ಅದರಿಂದ ಹೃದಯದ ಬಡಿತ, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ, ಉಸಿರಾಟದ ಲಯ ಇವೆಲ್ಲ ಸಿಗುತ್ತವೆ. ಕೆಲವು ಸಾಧನಗಳು ಚರ್ಮದ ಬಿಸಿಯನ್ನೂ ನೋಡುತ್ತವೆ. ಮೂಲ ಮಾಹಿತಿ ಅಷ್ಟೇ.

ಇನ್ನು ನಿದ್ದೆಯ ಹಂತ ಅಂದರೇನು? ಅದನ್ನು ಗುರುತಿಸುವುದೇ ಮೆದುಳಿನ ಅಲೆಗಳಿಂದ. ಜರ್ಮನಿಯ ಯೇನಾ ಊರಿನಲ್ಲಿ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ತನ್ನು ಮೊದಲ ಸಲ ದಾಖಲಿಸಿದರು. ಇಇಜಿ ಅನ್ನುವ ಆ ದಾಖಲೆ ಬಂದ ಮೇಲೆ, ಹೊರಗಿನಿಂದ ಒಂದೇ ಥರ ಕಾಣುವ ನಿದ್ದೆಯೊಳಗೆ ಬೇರೆ ಬೇರೆ ಹಂತಗಳಿವೆ ಅನ್ನುವುದು ಗೊತ್ತಾಯಿತು. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ರೆಮ್ ನಿದ್ದೆಯನ್ನು ವರದಿ ಮಾಡಿದರು. ಅಸೆರಿನ್ಸ್ಕಿ ಅದಕ್ಕೆ ಮುಂಚೆ ತನ್ನ ಪುಟ್ಟ ಮಗನನ್ನೇ ಮಲಗಿಸಿ, ಕಣ್ಣಿನ ಪಕ್ಕ ತಂತಿ ಅಂಟಿಸಿ ರಾತ್ರಿಯೆಲ್ಲ ದಾಖಲಿಸಿದ್ದರು. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗಳು ಸರಸರನೆ ಓಡಾಡುತ್ತಿದ್ದವು.

ಇವತ್ತಿಗೂ ಆಸ್ಪತ್ರೆಯ ಸ್ಲೀಪ್ ಸ್ಟಡಿ ಮಾಡುವುದು ಇದನ್ನೇ. ತಲೆಗೆ ಇಇಜಿ ತಂತಿಗಳು. ಕಣ್ಣಿನ ಪಕ್ಕ ತಂತಿಗಳು. ಗದ್ದಕ್ಕೂ ಒಂದೆರಡು, ಯಾಕೆಂದರೆ ರೆಮ್‌ನಲ್ಲಿ ಮೈಯ ಸ್ನಾಯುಗಳು ಪೂರ್ತಿ ಸಡಿಲವಾಗುತ್ತವೆ, ಅದು ಗದ್ದದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಬಂದ ದಾಖಲೆಯನ್ನು 30 ಸೆಕೆಂಡಿನ ತುಂಡುಗಳಾಗಿ ಮಾಡಿ, ಒಂದೊಂದಕ್ಕೂ ಒಂದೊಂದು ಹಂತದ ಹೆಸರು ಕೊಡುತ್ತಾರೆ. 30 ಸೆಕೆಂಡೇ ಯಾಕೆ? ಹಿಂದೆ ಕಾಗದದ ಮೇಲೆ ಪೆನ್ನು ಗೀಚುತ್ತಿದ್ದಾಗ ಕಾಗದ ಸೆಕೆಂಡಿಗೆ 10 ಮಿಲಿಮೀಟರ್ ಓಡುತ್ತಿತ್ತು, 30 ಸೆಂಟಿಮೀಟರಿನ ಒಂದು ಪುಟಕ್ಕೆ 30 ಸೆಕೆಂಡ್ ಹಿಡಿಯುತ್ತಿತ್ತು. ಕಾಗದ ಹೋಯಿತು, ಅಳತೆ ಉಳಿಯಿತು.

ಗಾಢ ನಿದ್ದೆಯ ನಿಯಮ ಕೇಳಿ. ಒಂದು 30 ಸೆಕೆಂಡಿನ ತುಂಡಿನಲ್ಲಿ ಕನಿಷ್ಠ ಶೇ. 20ರಷ್ಟು ಹೊತ್ತು, ಅಂದರೆ 6 ಸೆಕೆಂಡ್, ನಿಧಾನವಾದ ದೊಡ್ಡ ಅಲೆಗಳು ಇರಬೇಕು. ಎತ್ತರ 75 ಮೈಕ್ರೋವೋಲ್ಟ್‌ಗಿಂತ ಹೆಚ್ಚಿರಬೇಕು. 6 ಸೆಕೆಂಡ್ ಇದ್ದರೆ ಗಾಢ, 5 ಇದ್ದರೆ ಅಲ್ಲ. ಈ ಗೆರೆಯನ್ನು ಎಳೆದಿರುವುದು ಮೆದುಳಿನ ಅಲೆಯ ಮೇಲೆ. ಮಣಿಕಟ್ಟಿನಲ್ಲಿ ಆ ಅಲೆ ಇಲ್ಲವೇ ಇಲ್ಲ.

ಹಾಗಿದ್ದರೆ ವಾಚ್ ಏನು ಮಾಡುತ್ತದೆ? ಮೆದುಳು ಹಂತ ಬದಲಿಸಿದಾಗ ಮೈ ಕೂಡ ಸ್ವಲ್ಪ ಬದಲಾಗುತ್ತದೆ. ಗಾಢ ನಿದ್ದೆಯಲ್ಲಿ ಬಡಿತ ನಿಧಾನವಾಗಿ ಒಂದೇ ಹದದಲ್ಲಿ ಇರುತ್ತದೆ, ಉಸಿರೂ ಹಾಗೆಯೇ. ರೆಮ್‌ನಲ್ಲಿ ಮೈ ಅಲುಗುವುದಿಲ್ಲ, ಆದರೆ ಬಡಿತ, ಉಸಿರು ಎರಡೂ ಏರುಪೇರಾಗುತ್ತವೆ. ಕಂಪನಿಗಳು ಸ್ಲೀಪ್ ಲ್ಯಾಬಿನಲ್ಲಿ ಜನರನ್ನು ಮಲಗಿಸಿ, ತಲೆಗೆ ಇಇಜಿ ಹಾಕಿ, ಕೈಗೆ ವಾಚೂ ಕಟ್ಟಿ, ಎರಡನ್ನೂ ಕಂಪ್ಯೂಟರಿಗೆ ಕೊಟ್ಟು ಕಲಿಸುತ್ತವೆ. ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸಿ ಅವತ್ತಿನ ಅಡುಗೆ ಏನು ಅಂತ ಹೇಳಿದ ಹಾಗೆ ಇದು. ಒಲೆ ಹಚ್ಚಿದ್ದಾರೆ ಅನ್ನುವುದು ಖಂಡಿತ ಗೊತ್ತಾಗುತ್ತದೆ. ಬೇಳೆಯೋ ಕಾಳೋ ಅನ್ನುವುದಕ್ಕೆ ಅನುಭವದ ಮೇಲೆ ಊಹೆ ಮಾಡಬೇಕು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ವಾಚಿಗೆ ಅನ್ಯಾಯವಾಗುತ್ತದೆ. ಇಇಜಿ ಓದುವ ನುರಿತವರೂ ಪೂರ್ತಿ ಒಪ್ಪುವುದಿಲ್ಲ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ ಎರಡೂವರೆ ಸಾವಿರಕ್ಕೂ ಹೆಚ್ಚು ಜನಕ್ಕೆ ಒಂದೇ ದಾಖಲೆಗಳನ್ನು ಕೊಟ್ಟು ನೋಡಿದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಒಟ್ಟಾರೆ ಒಮ್ಮತ ಶೇ. 82.6. ರೆಮ್‌ನಲ್ಲಿ ಶೇ. 90.5, ಗಾಢ ನಿದ್ದೆಯಲ್ಲಿ ಬರೀ ಶೇ. 67.4. ತಲೆಯ ಮೇಲೆ ತಂತಿ ಇಟ್ಟುಕೊಂಡು ನೋಡಿದಾಗಲೇ ಹೀಗೆ. ಹಾಗಾಗಿ ಯಾವುದಾದರೂ ವಾಚ್ ನೂರಕ್ಕೆ ನೂರು ಸರಿ ಅಂತ ಯಾರಾದರೂ ಹೇಳಿದರೆ ಆ ಮಾತಿಗೆ ಅರ್ಥವೇ ಇಲ್ಲ. ಹೋಲಿಸಲು ಇರುವ ಅಳತೆಗೋಲೇ ಅಷ್ಟು ನಿಖರವಲ್ಲ.

ಈಗ ಅಸಲು ವಿಷಯ. ಹಂತಗಳನ್ನು ಬಿಟ್ಟು, ಎಚ್ಚರವೋ ನಿದ್ದೆಯೋ ಅನ್ನುವಷ್ಟನ್ನೇ ನೋಡೋಣ. ಕೈಯ ಅಲುಗಾಟದಿಂದ ನಿದ್ದೆ ಲೆಕ್ಕ ಹಾಕುವ ಪದ್ಧತಿ ದಶಕಗಳಿಂದ ಸಂಶೋಧಕರ ಬಳಿ ಇದೆ. ಅದನ್ನು ಸ್ಲೀಪ್ ಸ್ಟಡಿಯ ಜೊತೆ ಹೋಲಿಸಿದ 2013ರ ಒಂದು ಅಧ್ಯಯನದಲ್ಲಿ, ಜನ ನಿಜವಾಗಿ ನಿದ್ದೆಯಲ್ಲಿದ್ದ ಹೊತ್ತಿನ ಶೇ. 96.5ರಷ್ಟನ್ನು ಸಾಧನ ನಿದ್ದೆ ಅಂತಲೇ ಗುರುತಿಸಿತು. ಆದರೆ ಎಚ್ಚರವಿದ್ದ ಹೊತ್ತಿನಲ್ಲಿ ಸರಿಯಾಗಿ ಹಿಡಿದದ್ದು ಶೇ. 33 ಮಾತ್ರ. ಕಾರಣ ಸರಳ. ನಿದ್ದೆ ಬಾರದೆ ಸುಮ್ನೆ ಮಲಗಿದವರ ಕೈಯೂ ಅಲುಗುವುದಿಲ್ಲ.

ಈ ಎರಡು ಅಂಕಿ ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಇಬ್ಬರು 8 ಗಂಟೆ ಹಾಸಿಗೆಯಲ್ಲಿದ್ದರು. ಮೊದಲನೆಯವರು ಚೆನ್ನಾಗಿ ಮಲಗುವವರು, ಏಳೂವರೆ ಗಂಟೆ ನಿದ್ದೆ, ಅರ್ಧ ಗಂಟೆ ಎಚ್ಚರ. ಸಾಧನ ಅವರ ನಿಜವಾದ ನಿದ್ದೆಯಲ್ಲಿ 434 ನಿಮಿಷ ಹಿಡಿಯುತ್ತದೆ, ಎಚ್ಚರದ 20 ನಿಮಿಷವನ್ನೂ ನಿದ್ದೆ ಅಂತ ಸೇರಿಸುತ್ತದೆ. ಒಟ್ಟು 7 ಗಂಟೆ 34 ನಿಮಿಷ. ನಿಜಕ್ಕೂ ಇದಕ್ಕೂ 4 ನಿಮಿಷದ ವ್ಯತ್ಯಾಸ. ಎರಡು ಕಡೆಯ ತಪ್ಪುಗಳು ಒಂದನ್ನೊಂದು ಸರಿದೂಗಿಸಿಬಿಟ್ಟವು.

ಎರಡನೆಯವರಿಗೆ ನಿದ್ರಾಹೀನತೆ. 6 ಗಂಟೆ ನಿದ್ದೆ, 2 ಗಂಟೆ ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡು ಹೊರಳದೆ ಮಲಗಿದ್ದು. ಸಾಧನ ಅವರ ನಿದ್ದೆಯಲ್ಲಿ 347 ನಿಮಿಷ ಹಿಡಿಯುತ್ತದೆ, ಎಚ್ಚರದಲ್ಲಿ 80 ನಿಮಿಷವನ್ನು ನಿದ್ದೆಗೆ ಸೇರಿಸುತ್ತದೆ. ಒಟ್ಟು 7 ಗಂಟೆ 7 ನಿಮಿಷ. ಅವರ ಪಾಲಿಗೆ ಒಂದು ಗಂಟೆಗೂ ಹೆಚ್ಚು ನಿದ್ದೆ ಸುಮ್ನೆ ಜಾಸ್ತಿ ಬಂತು. ರಾತ್ರಿ ನಿದ್ದೆ ಬಾರದೆ ಸಂಕಟಪಟ್ಟವರಿಗೆ ಬೆಳಿಗ್ಗೆ ವಾಚ್ ‘ಚೆನ್ನಾಗಿ ಮಲಗಿದ್ದೀರಿ’ ಅನ್ನುತ್ತದೆ, ಮನೆಯವರೂ ಅದನ್ನೇ ನಂಬುತ್ತಾರೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ಯಾರಿಗೆ ಈ ಅಳತೆ ಅತಿ ಹೆಚ್ಚು ಬೇಕೋ ಅವರಿಗೇ ಇದು ಅತಿ ಕಡಿಮೆ ಸರಿ.

ಹೃದಯದ ಬಡಿತವೂ ಸೇರಿದ ಮೇಲೆ ಪರಿಸ್ಥಿತಿ ಸುಧಾರಿಸಿದೆ, ಆದರೆ ಪೂರ್ತಿ ಬದಲಾಗಿಲ್ಲ. ಅಮೆರಿಕದ ನೌಕಾಪಡೆಯ ಆರೋಗ್ಯ ಸಂಶೋಧನಾ ಕೇಂದ್ರದವರು ಮಾರುಕಟ್ಟೆಯ ಏಳು ಸಾಧನಗಳನ್ನು 34 ಆರೋಗ್ಯವಂತ ಯುವಜನರ ಮೇಲೆ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ನಿದ್ದೆಯನ್ನು ಹಿಡಿಯುವುದರಲ್ಲಿ ಏಳೂ ಶೇ. 93ಕ್ಕಿಂತ ಕೆಳಗೆ ಬರಲಿಲ್ಲ. ಎಚ್ಚರವನ್ನು ಹಿಡಿಯುವುದರಲ್ಲಿ ಶೇ. 18ರಿಂದ 54ರವರೆಗೆ ಹರಡಿಕೊಂಡವು. ನಿದ್ದೆ ಕೆಟ್ಟ ರಾತ್ರಿಗಳಲ್ಲಿ ಹೆಚ್ಚಿನ ಸಾಧನಗಳ ಫಲಿತಾಂಶವೂ ಕೆಟ್ಟಿತು.

ಜಾಹೀರಾತಿನಲ್ಲಿ ‘ಶೇ. 90 ನಿಖರ’ ಅಂತ ಕಂಡರೆ ಇದನ್ನು ನೆನಪಿಡಿ. ಸಾಮಾನ್ಯ ಮನುಷ್ಯ ಹಾಸಿಗೆಯಲ್ಲಿರುವ ಹೊತ್ತಿನ ಸುಮಾರು ಶೇ. 90 ನಿದ್ದೆಯೇ. ರಾತ್ರಿಯಿಡೀ ‘ನಿದ್ದೆ, ನಿದ್ದೆ’ ಅಂತ ಮಾತ್ರ ಬರೆಯುವ ಯಂತ್ರಕ್ಕೂ ಆ ಅಂಕ ಸಿಗುತ್ತದೆ.

ಹಂತಗಳ ವಿಷಯಕ್ಕೆ ಬಂದರೆ ಊಹೆ ಇನ್ನೂ ಸಡಿಲ. ಆಸ್ಟ್ರೇಲಿಯಾದ ಸಂಶೋಧಕರು 2022ರಲ್ಲಿ ಆರು ಸಾಧನಗಳನ್ನು ಹೋಲಿಸಿದರು. ನಿದ್ದೆಯೋ ಎಚ್ಚರವೋ ಅನ್ನುವುದರಲ್ಲಿ ಅವು ಶೇ. 86ರಿಂದ 89ರಷ್ಟು ಹೊಂದಿಕೊಂಡವು. ಹಂತಗಳನ್ನು ಕೇಳಿದಾಗ ಶೇ. 50ರಿಂದ 65ಕ್ಕೆ ಇಳಿದವು. ರಾತ್ರಿಯ ಸುಮಾರು ಅರ್ಧ ಹಗುರ ನಿದ್ದೆಯೇ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಎಲ್ಲವನ್ನೂ ಹಗುರ ಅಂದರೂ ಅರ್ಧದಷ್ಟು ಸರಿಯಾಗುತ್ತದೆ. 2024ರಲ್ಲಿ ಬಾಸ್ಟನ್‌ನಿಂದ ಬಂದ ಇನ್ನೊಂದು ಅಧ್ಯಯನ ಮೂರು ಹೊಸ ಸಾಧನಗಳನ್ನು 35 ಜನರ ಮೇಲೆ ನೋಡಿತು. ಆಪಲ್ ವಾಚ್ ಸರಾಸರಿಯಲ್ಲಿ ಗಾಢ ನಿದ್ದೆಯನ್ನು 43 ನಿಮಿಷ ಕಡಿಮೆ ತೋರಿಸಿತು, ಫಿಟ್‌ಬಿಟ್ 15 ನಿಮಿಷ ಕಡಿಮೆ, ಔರಾ ಉಂಗುರ ಸ್ಲೀಪ್ ಸ್ಟಡಿಗೆ ಹತ್ತಿರ ಬಂತು. ಹಣ ಕೊಟ್ಟದ್ದು ಔರಾ ಕಂಪನಿಯೇ. ಅಷ್ಟಕ್ಕೇ ಫಲಿತಾಂಶ ಸುಳ್ಳು ಅನ್ನಲಾಗದು, ಆದರೆ ಓದುವವರಿಗೆ ಗೊತ್ತಿರಬೇಕು.

ಸೆನ್ಸರ್ ಎಲ್ಲಿದೆ ಅನ್ನುವುದೇ ದೊಡ್ಡ ವಿಷಯ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಇದೆ. ಫ್ರಾನ್ಸಿನ ಡ್ರೀಮ್ ಕಂಪನಿ ಇಇಜಿ ಇರುವ ಒಂದು ತಲೆಪಟ್ಟಿ ಮಾಡಿತ್ತು. 2020ರಲ್ಲಿ 25 ಜನರ ಮೇಲೆ ಕಂಪನಿಯವರೇ ನಡೆಸಿದ ಪರೀಕ್ಷೆಯಲ್ಲಿ ಅದರ ಹಂತಗಳು ಶೇ. 83.5ರಷ್ಟು ಸರಿ ಬಂದವು. ಅದೇ ದಾಖಲೆ ಓದಿದ ಐವರು ಪರಿಣತರ ಸರಾಸರಿ ಶೇ. 86.4. ಮೆದುಳಿನ ಹತ್ತಿರ ಹೋದರೆ ಊಹೆ ಅಳತೆಗೆ ಹತ್ತಿರವಾಗುತ್ತದೆ. ಆದರೆ ತಲೆಗೆ ಪಟ್ಟಿ ಕಟ್ಟಿಕೊಂಡು ದಿನಾ ಮಲಗಲು ಎಷ್ಟು ಜನ ಒಪ್ಪುತ್ತಾರೆ, ಅಲ್ವಾ?

ಇನ್ನೊಂದು ತೊಡಕು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ವಾಚಿನ ಲೆಕ್ಕ ಕಲಿತಿರುವುದು ಸಾಮಾನ್ಯ ಜನರ ರೂಢಿಯನ್ನು. ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚು, ರೆಮ್ ಬೆಳಗಿನ ಜಾವದಲ್ಲಿ ಹೆಚ್ಚು. ರೂಢಿಗೆ ಹೊರತಾದವರು ಬಂದರೆ ಅದು ತಡವರಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 2006ರಲ್ಲಿ ವಿಪಶ್ಯನ ಮತ್ತು ಸುದರ್ಶನ ಕ್ರಿಯೆ ಅಭ್ಯಾಸ ಮಾಡುವವರ ನಿದ್ದೆಯನ್ನು ಪರೀಕ್ಷಿಸಿದ್ದರು. ವಯಸ್ಸಾದಂತೆ ಗಾಢ ನಿದ್ದೆ ಇಳಿಯುವುದು ಸಾಮಾನ್ಯ. ಅಭ್ಯಾಸಿಗಳಲ್ಲಿ ಅದು ನಡುವಯಸ್ಸಿನಲ್ಲೂ ಚೆನ್ನಾಗಿ ಉಳಿದಿತ್ತು. ಅವರು ಹಾಗೆ ಹೇಳಲಾದದ್ದು ತಲೆಗೆ ಇಇಜಿ ಹಾಕಿ ರಾತ್ರಿಯಿಡೀ ಕಾದಿದ್ದರಿಂದ. ಹೃದಯ ಬಡಿತದ ಲಯವೇ ತಪ್ಪಿರುವವರು, ಬಡಿತ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪಾಳಿ ಕೆಲಸ ಮುಗಿಸಿ ಹಗಲು ಮಲಗುವವರು, ಇವರೆಲ್ಲರ ವಾಚಿನ ಹಂತಗಳನ್ನು ಇನ್ನಷ್ಟು ಅನುಮಾನದಿಂದಲೇ ನೋಡಬೇಕು.

ತಪ್ಪು ಅಂಕಿ ಬಂದರೆ ಏನು ಮಹಾ ನಷ್ಟ ಅನ್ನಬಹುದು. ನಷ್ಟ ಇದೆ. ವಾಚಿನ ಅಂಕ ಸರಿಪಡಿಸುವ ಚಿಂತೆಯಲ್ಲೇ ನಿದ್ದೆ ಕೆಡಿಸಿಕೊಂಡವರು ಚಿಕಿತ್ಸೆಗೆ ಬರತೊಡಗಿದಾಗ, ಅಮೆರಿಕದ ವೈದ್ಯರು 2017ರಲ್ಲಿ ಅದಕ್ಕೆ ‘ಆರ್ಥೋಸೋಮ್ನಿಯಾ’ ಅಂತ ಹೆಸರಿಟ್ಟರು. ಅವರಲ್ಲಿ ಒಬ್ಬ ಮಹಿಳೆಗೆ ಸ್ಲೀಪ್ ಸ್ಟಡಿಯಲ್ಲಿ ಗಾಢ ನಿದ್ದೆ ಕಂಡಿತ್ತು. ಅದನ್ನು ಹೇಳಿದರೂ ಆಕೆಗೆ ಸಮಾಧಾನವಾಗಲಿಲ್ಲ, ಸಾಧನ ಬೇರೆಯೇ ಹೇಳುತ್ತಿದೆಯಲ್ಲ ಅಂತ ಕೇಳಿದರು. ಮಾರನೆಯ ವರ್ಷ ಆಕ್ಸ್‌ಫರ್ಡ್‌ನವರು ನಿದ್ದೆಯ ತೊಂದರೆ ಇರುವವರಿಗೆ ವಾಚ್ ಕಟ್ಟಿ, ಬೆಳಿಗ್ಗೆ ಕೆಲವರಿಗೆ ‘ನಿದ್ದೆ ಕೆಟ್ಟಿದೆ’, ಕೆಲವರಿಗೆ ‘ಚೆನ್ನಾಗಿದೆ’ ಅಂತ ಸುಳ್ಳು ಫಲಿತಾಂಶ ತೋರಿಸಿದರು. ಕೆಟ್ಟಿದೆ ಅಂತ ಓದಿದವರಿಗೆ ಹಗಲಿನಲ್ಲಿ ತೂಕಡಿಕೆ ಜಾಸ್ತಿ, ಮನಸ್ಸೂ ಮಂಕು.

ಹಾಗಂತ ವಾಚ್ ಬಿಚ್ಚಿಡಿ ಅನ್ನುವವನು ನಾನಲ್ಲ. ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಹೊತ್ತಿಗೆ ಎದ್ದಿರಿ, ವಾರದ ದಿನಕ್ಕೂ ಭಾನುವಾರಕ್ಕೂ ಎಷ್ಟು ವ್ಯತ್ಯಾಸ ಅನ್ನುವುದನ್ನು ಅದು ನಮ್ಮ ನೆನಪಿಗಿಂತ ಚೆನ್ನಾಗಿ ಬರೆದಿಡುತ್ತದೆ. ಒಂದೇ ಸಾಧನವನ್ನು ತಿಂಗಳುಗಟ್ಟಲೆ ಕಟ್ಟಿದರೆ ಒಟ್ಟು ನಿದ್ದೆ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವ ಜಾಡು ಸಿಗುತ್ತದೆ. ಒಂದು ರಾತ್ರಿಯ ಗಾಢ ನಿದ್ದೆಯ ಅಂಕಿ ಹಿಡಿದು ಕೊರಗಬೇಡಿ. ಗಂಡ ಹೆಂಡತಿ ಬೇರೆ ಬೇರೆ ಕಂಪನಿಯ ವಾಚ್ ಕಟ್ಟಿಕೊಂಡು ಅಂಕ ಹೋಲಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಆದರೆ ಅದೇ ವಾಚಿನ ಲೆಕ್ಕವೂ ಬದಲಾಗಬಹುದು.

ಉಸಿರಾಟದ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆಯಾದ ಸ್ಲೀಪ್ ಆಪ್ನಿಯಾದ ಲಕ್ಷಣ ಕಂಡರೆ ಎಚ್ಚರಿಸುವ ಸೌಲಭ್ಯಕ್ಕೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಸ್ಯಾಮ್‌ಸಂಗ್‌ಗೂ ಆಪಲ್‌ಗೂ ಅನುಮತಿ ಕೊಟ್ಟಿತು. ಎಚ್ಚರಿಕೆ ಬಂದರೆ ವೈದ್ಯರ ಹತ್ತಿರ ಹೋಗಬೇಕು. ಬರದಿದ್ದರೆ ಕಾಯಿಲೆ ಇಲ್ಲ ಅಂತಲ್ಲ. ಜೋರು ಗೊರಕೆ, ನಡುವೆ ಉಸಿರು ಕಟ್ಟಿ ಮತ್ತೆ ಎಳೆದುಕೊಳ್ಳುವುದು, ಹಗಲಿನಲ್ಲಿ ಗಾಡಿ ಓಡಿಸುವಾಗ ತೂಕಡಿಕೆ ಇವುಗಳಲ್ಲಿ ಯಾವುದನ್ನಾದರೂ ಮನೆಯವರು ಗಮನಿಸಿದ್ದರೆ, ವಾಚಿನ ಅಂಕ 90 ಇದ್ದರೂ ಒಂದು ಸ್ಲೀಪ್ ಸ್ಟಡಿ ಮಾಡಿಸಿಕೊಳ್ಳಿ.